ಅಪ್ಪ ಅಮ್ಮ, ಎರಡು ಮಕ್ಕಳ ಜೊತೆ ಯೆಲ್ಲೋಸ್ಟೋನ್‌ಗೆ ಆರ್‌ವಿ ಬಾಡಿಗೆಗೆ ತಗೊಳ್ಳೋದು ಸರಿನಾ?

ಫ್ರೀಮಾಂಟ್ ಮಲ್ನಾಡಿಗ

ಎಲ್ಲರಿಗೂ ನಮಸ್ಕಾರ. ಜುಲೈನಲ್ಲಿ ಅಪ್ಪ ಅಮ್ಮ ಸಾಗರದಿಂದ ಬರುತ್ತಿದ್ದಾರೆ. ಅಪ್ಪನಿಗೆ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್ ನೋಡಬೇಕು ಅಂತ ಬಹಳ ಆಸೆ, ಬಿಸಿನೀರು ನೆಲದಿಂದ ಚಿಮ್ಮುವ ವಿಡಿಯೋ ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದಾರಂತೆ, ಅವತ್ತಿಂದ ಅದೇ ಮಾತು.

ನಾವು ಒಟ್ಟು ಆರು ಜನ. ನಾನು, ನನ್ನ ಹೆಂಡತಿ, ಏಳು ವರ್ಷದ ಮಗಳು, ಮೂರು ವರ್ಷದ ಮಗ, ಅಪ್ಪ, ಅಮ್ಮ. ಅಮ್ಮನಿಗೆ ಮಂಡಿನೋವು. ಅಪ್ಪನಿಗೆ ಶುಗರ್, ಇನ್ಸುಲಿನ್ ತಗೊಳ್ಳುತ್ತಾರೆ, ಎರಡು ಗಂಟೆಗೊಮ್ಮೆ ಟಾಯ್ಲೆಟ್‌ಗೆ ಹೋಗಬೇಕು. ಇಬ್ಬರಿಗೂ ಹೊರಗಿನ ಊಟ ಒಗ್ಗುವುದಿಲ್ಲ. ಹೋದ ಸಲ ಬಂದಿದ್ದಾಗ ದಾರಿಯುದ್ದಕ್ಕೂ ಫ್ರೆಂಚ್ ಫ್ರೈಸ್ ತಿಂದುಕೊಂಡು ಬಂದರು ಪಾಪ.

ಹಾಗಾಗಿ ಆರ್‌ವಿ ಅಥವಾ ಮೋಟರ್‌ಹೋಮ್, ಅಂದರೆ ಹಾಸಿಗೆ, ಅಡುಗೆಮನೆ, ಟಾಯ್ಲೆಟ್ ಎಲ್ಲಾ ಒಳಗೇ ಇರುವ ಗಾಡಿ, ಅದರಲ್ಲಿ ಕ್ಲಾಸ್ ಸಿ, ಡ್ರೈವರ್ ತಲೆ ಮೇಲೆ ಒಂದು ಹಾಸಿಗೆ ಇರುತ್ತದಲ್ಲ, ಆ 28-30 ಅಡಿಯದ್ದು ಇಲ್ಲಿಂದಲೇ ಬಾಡಿಗೆಗೆ ತಗೊಂಡು ಹೋಗೋಣ ಅಂತಿದ್ದೇನೆ. ಅದಕ್ಕೆ ಬೇರೆ ಲೈಸೆನ್ಸ್ ಬೇಕಾ? ಹೋಟೆಲ್‌ಗಿಂತ ಕಡಿಮೆ ಆಗುತ್ತದಾ? ಮಕ್ಕಳ ಕಾರ್ ಸೀಟ್ ಎಲ್ಲಿ ಹಾಕುವುದು? ಆ ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡುವ ಕೆಲಸ ಎಷ್ಟು ಗಲೀಜು? ನನ್ನ ಹೆಂಡತಿ "ಇರುವ ಮಿನಿವ್ಯಾನ್ ಸಾಕು, ಸುಮ್ನೆ ತಲೆನೋವು" ಅನ್ನುತ್ತಿದ್ದಾಳೆ. ನಿಮ್ಮ ಉತ್ತರಗಳನ್ನು ಅವಳೂ ಓದುತ್ತಾಳೆ, ನೋಡಿಕೊಂಡು ಬರೆಯಿರಿ 🙂

ಲೆಕ್ಕದ ಮನುಷ್ಯ

ಲೈಸೆನ್ಸ್ ಮೊದಲು ಹೇಳಿಬಿಡುತ್ತೇನೆ. ಕ್ಯಾಲಿಫೋರ್ನಿಯಾದ ಮಾಮೂಲಿ ಕಾರಿನ ಲೈಸೆನ್ಸ್‌ನಲ್ಲಿ 40 ಅಡಿವರೆಗಿನ ಮೋಟರ್‌ಹೋಮ್ ಓಡಿಸಬಹುದು. ಆ ಚಿಂತೆ ಬಿಡಿ.

ದುಡ್ಡು ಉಳಿಸಲಿಕ್ಕೆ ಆರ್‌ವಿ ಅಂತ ಹೊರಟಿದ್ದರೆ ಮಾತ್ರ ಇಲ್ಲೇ ನಿಲ್ಲಿಸಿ. ಫ್ರೀಮಾಂಟ್‌ನಿಂದ ಪಾರ್ಕ್‌ನ ಪಶ್ಚಿಮ ಗೇಟಿನ ಊರು ವೆಸ್ಟ್ ಯೆಲ್ಲೋಸ್ಟೋನ್ ಒಂದು ಕಡೆಗೇ ಹೆಚ್ಚುಕಡಿಮೆ 950 ಮೈಲಿ. ಹೋಗಿ ಬರುವುದು, ಒಳಗೆ ಸುತ್ತುವುದು ಎಲ್ಲಾ ಸೇರಿ 2,200 ಮೈಲಿ ಅಂತ ಇಟ್ಟುಕೊಳ್ಳಿ. ಈ ಗಾಡಿಗಳು ಗ್ಯಾಲನ್‌ಗೆ 8ರಿಂದ 10 ಮೈಲಿ ಕೊಡುತ್ತವೆ, ಏರು ದಾರಿಯಲ್ಲಿ ಅದೂ ಇಲ್ಲ. 9 ಅಂತ ಹಿಡಿದರೆ ಸುಮಾರು 245 ಗ್ಯಾಲನ್. ಗ್ಯಾಲನ್‌ಗೆ 4 ಡಾಲರ್ ಅಂದುಕೊಂಡರೂ ಗ್ಯಾಸ್‌ಗೇ (ಪೆಟ್ರೋಲ್‌ಗೆ) 980 ಡಾಲರ್ ಹೋಯಿತು. ಮೇಲೆ ಮೈಲಿ ಬಾಡಿಗೆ ಬೇರೆ. ದೊಡ್ಡ ಕಂಪನಿಗಳು ದಿನದ ಬಾಡಿಗೆ ತೋರಿಸುವಾಗ ಮೈಲಿಯ ದುಡ್ಡು ಅದರಲ್ಲಿ ಸೇರಿರುವುದಿಲ್ಲ. ಮೈಲಿಗೆ 40 ಸೆಂಟ್ ಅಂದರೆ ಇನ್ನೊಂದು 880. ಇದರ ಮೇಲೆ ದಿನದ ಬಾಡಿಗೆ, ಕ್ಯಾಂಪ್‌ಗ್ರೌಂಡ್ ಬಾಡಿಗೆ, ಪಾತ್ರೆ ಹಾಸಿಗೆ ಕಿಟ್, ಜನರೇಟರ್ ಗಂಟೆ ಲೆಕ್ಕ, ತೆರಿಗೆ, ಠೇವಣಿ. ಔಟ್‌ಡೋರ್ಸಿ, ಆರ್‌ವಿಶೇರ್ ಥರದ ವೆಬ್‌ಸೈಟ್‌ನಲ್ಲಿ ಮಾಲೀಕರಿಂದಲೇ ತಗೊಂಡರೆ ದಿನಕ್ಕೆ ಇಷ್ಟು ಮೈಲಿ ಫ್ರೀ ಅಂತ ಇರುತ್ತದೆ, ಆದರೆ ಮಿಕ್ಕದ್ದಕ್ಕೆ ಅವರೂ ಬಿಡುವುದಿಲ್ಲ.

ಇನ್ಶೂರೆನ್ಸ್ ನೋಡದೆ ಸಹಿ ಹಾಕಬೇಡಿ. ನಿಮ್ಮ ಕಾರಿನ ಪಾಲಿಸಿ ಬಾಡಿಗೆ ಮೋಟರ್‌ಹೋಮ್‌ಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಕ್ರೆಡಿಟ್ ಕಾರ್ಡ್‌ನವರು ಕಾರ್ ಬಾಡಿಗೆಗೆ ಕೊಡುವ ಕವರ್‌ನಲ್ಲೂ ಆರ್‌ವಿಯನ್ನು ಹೆಚ್ಚಾಗಿ ಹೊರಗಿಟ್ಟಿರುತ್ತಾರೆ. ಕಂಪನಿಯ ಕವರ್ ತಗೊಂಡರೂ ಎಷ್ಟೋ ಕರಾರಿನಲ್ಲಿ ಚಾವಣಿಗೆ ಆದ ಏಟು ಸೇರುವುದಿಲ್ಲ. ಗಾಡಿ ಸುಮಾರು 12 ಅಡಿ ಎತ್ತರ, ಮರದ ಕೊಂಬೆ, ಡ್ರೈವ್ ಥ್ರೂ ಚಾವಣಿ, ಎಲ್ಲಾ ತಾಗುವುದು ಅಲ್ಲೇ.

ಸ್ಯಾಕ್ರಮೆಂಟೊ ಅಕ್ಕ

ಲೆಕ್ಕ ಸರಿ ಇದೆ, ಆದರೆ ಅಪ್ಪ ಅಮ್ಮನ ಜೊತೆ ಹೋಗುವವರಿಗೆ ದುಡ್ಡೊಂದೇ ಲೆಕ್ಕ ಅಲ್ಲ ಅಲ್ವಾ. ನಮ್ಮ ಅತ್ತೆ ಮಾವನನ್ನು ಕರೆದುಕೊಂಡು ಹೋದಾಗ ಬೆಳಿಗ್ಗೆ ಎದ್ದ ತಕ್ಷಣ ಅವರಿಗೆ ಅವರ ಕಾಫಿ, ಮಧ್ಯಾಹ್ನ ಬಿಸಿ ಅನ್ನ ಸಾರು. ಅಷ್ಟು ಸಿಕ್ಕರೆ ಅವರು ಎಲ್ಲಿ ಬೇಕಾದರೂ ಬರುತ್ತಾರೆ.

ಮಲ್ನಾಡಿಗ ಅವರೇ, ನೀವು ಗಾಡಿ ನೋಡುವಾಗ ಅಮ್ಮನ ಮಂಡಿಯನ್ನು ತಲೆಯಲ್ಲಿಟ್ಟುಕೊಂಡು ನೋಡಿ. ಬಾಗಿಲ ಮೆಟ್ಟಿಲು ಕಡಿದಾಗಿರುತ್ತದೆ, ಹಿಡಿಕೆ ಗಟ್ಟಿ ಇದೆಯಾ ಪರೀಕ್ಷಿಸಿ, ಒಂದು ಅಗಲದ ಸ್ಟೂಲ್ ತಗೊಂಡು ಹೋಗಿ. ಹಿಂದಿನ ಹಾಸಿಗೆ ಅವರಿಬ್ಬರಿಗೆ ಕೊಡಿ. ಆದರೆ ಅದು ಮೂಲೆಗೆ ಸೇರಿಕೊಂಡಿರುವ ಮಾದರಿ ಆದರೆ ರಾತ್ರಿ ಟಾಯ್ಲೆಟ್‌ಗೆ ಏಳಲು ಒಬ್ಬರು ಇನ್ನೊಬ್ಬರನ್ನು ದಾಟಬೇಕು. ಎರಡೂ ಕಡೆ ಜಾಗ ಇರುವ ಹಾಸಿಗೆ ಬೇಕು ಅಂತ ಕೇಳಿ ತಗೊಳ್ಳಿ. ಮೇಲಿನ ಹಾಸಿಗೆಗೆ ಏಣಿ ಹತ್ತಬೇಕು, ಅದು ಮಗಳ ಜೊತೆ ನಿಮಗೆ. ಮೂರು ವರ್ಷದವನನ್ನು ಅಲ್ಲಿ ಮಲಗಿಸಬೇಡಿ.

ಇನ್ಸುಲಿನ್ ಇರುವುದರಿಂದ ಫ್ರಿಜ್ ಬಗ್ಗೆ ಕೇಳಿ. ಹಳೇ ಮಾದರಿಯಲ್ಲಿ ಪ್ರೊಪೇನ್‌ನಿಂದಲೂ ಕರೆಂಟಿನಿಂದಲೂ ಓಡುವ ಫ್ರಿಜ್ ಇರುತ್ತದೆ, ಅದು ತಣ್ಣಗಾಗಲು ಗಂಟೆಗಟ್ಟಲೆ ತಗೊಳ್ಳುತ್ತದೆ, ಗಾಡಿ ಓರೆಯಾಗಿ ನಿಂತರೆ ಸರಿಯಾಗಿ ಕೆಲಸವೂ ಮಾಡುವುದಿಲ್ಲ. ಹಿಂದಿನ ದಿನವೇ ಆನ್ ಮಾಡಿಸಿ. ಇನ್ಸುಲಿನ್ ಫ್ರಿಜ್ ಒಳಗಿನ ತಣ್ಣನೆ ಲೋಹದ ಪಟ್ಟಿಗಳಿಗೆ ತಾಗಬಾರದು, ಹೆಪ್ಪುಗಟ್ಟಿದರೆ ಎಸೆಯಬೇಕಾಗುತ್ತದೆ. ಒಂದು ಅಗ್ಗದ ಥರ್ಮಾಮೀಟರ್ ಒಳಗಿಟ್ಟುಬಿಡಿ.

ಅಡುಗೆಗೆ ಕುಕ್ಕರ್ ಖಂಡಿತ ಬೇಕು. ಪಾರ್ಕ್ ಒಳಗಿನ ಫಿಶಿಂಗ್ ಬ್ರಿಡ್ಜ್ ಕಡೆ ಎತ್ತರ 7,700 ಅಡಿಗೂ ಜಾಸ್ತಿ, ನೀರು 92 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಇಟ್ಟರೆ ಸಂಜೆವರೆಗೂ ಕಾಯುತ್ತೀರಿ. ಒಗ್ಗರಣೆ ಹಾಕುವ ಮೊದಲು ಚಾವಣಿಯ ಫ್ಯಾನ್ ಹಾಕಿ, ಕಿಟಕಿ ತೆಗೆಯಿರಿ. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದ ಅರೆಕ್ಷಣಕ್ಕೆ ಹೊಗೆ ಅಲಾರಂ ಕೂಗಿಕೊಳ್ಳುತ್ತದೆ, ಮಲಗಿದ್ದ ಮಗು ಎದ್ದು ಅಳುತ್ತದೆ, ಪಕ್ಕದ ಸೈಟಿನ ಅಮೆರಿಕನ್ ಅಜ್ಜ ಓಡಿ ಬರುತ್ತಾನೆ. ಕಡೆಗೆ ನಾವು ಆ ಅಜ್ಜನಿಗೂ ಸಾರು ಕೊಟ್ಟೆವು. ಇಂಡಕ್ಷನ್ ಒಲೆ ಒಯ್ಯುವುದಾದರೆ ಕ್ಯಾಂಪ್‌ಗ್ರೌಂಡ್‌ನ 30 ಆಂಪ್ ಕರೆಂಟ್ ಕನೆಕ್ಷನ್‌ನಲ್ಲಿ ಸಿಗುವುದು ಒಟ್ಟು 3,600 ವಾಟ್ ಮಾತ್ರ. ಎಸಿ, ಇಂಡಕ್ಷನ್, ಮೈಕ್ರೋವೇವ್ ಮೂರೂ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುತ್ತದೆ.

ಸುಮ್ನೆ ಓದುಗ

ಅತ್ತಿಗೆ ಹೇಳಿದ್ದು ಸರಿ. ಮಿನಿವ್ಯಾನ್.

ಎರಡು ಮಕ್ಕಳ ಅಪ್ಪ

ಕಾರ್ ಸೀಟ್ ವಿಷಯ ಯಾರೂ ಹೇಳಲಿಲ್ಲ, ನನ್ನ ಪ್ರಕಾರ ಬುಕ್ ಮಾಡುವ ಮೊದಲು ಕೇಳಬೇಕಾದ್ದು ಅದೇ. ಊಟದ ಮೇಜಿನ ಎದುರುಬದುರು ಎರಡು ಬೆಂಚ್ ಇರುತ್ತವೆ. ಒಂದು ಮುಂದಕ್ಕೆ ಮುಖ ಮಾಡಿದ್ದು, ಇನ್ನೊಂದು ಹಿಂದಕ್ಕೆ. ಸೋಫಾ ಇದ್ದರೆ ಅದು ಅಡ್ಡಕ್ಕೆ. ಕಾರ್ ಸೀಟನ್ನು ಮುಂದಕ್ಕೆ ಮುಖ ಮಾಡಿದ ಬೆಂಚ್‌ನಲ್ಲಿ ಮಾತ್ರ ಹಾಕಬೇಕು. ಅಲ್ಲಿ ಎಷ್ಟೋ ಗಾಡಿಗಳಲ್ಲಿ ಸೊಂಟದ ಬೆಲ್ಟ್ ಮಾತ್ರ ಇರುತ್ತದೆ. ಮಗನ ಹಾರ್ನೆಸ್ ಸೀಟನ್ನು ಸೊಂಟದ ಬೆಲ್ಟಿನಿಂದ ಕಟ್ಟಬಹುದು, ಆದರೆ ಸೀಟಿನ ಮೇಲಿನ ಪಟ್ಟಿ (ಟೆದರ್) ಸಿಕ್ಕಿಸುವ ಕೊಕ್ಕೆ ಹೆಚ್ಚಾಗಿ ಇರುವುದಿಲ್ಲ. ಮಗಳ ಬೂಸ್ಟರ್‌ಗೆ, ಅಂದರೆ ಎತ್ತರಿಸಿ ಕೂರಿಸುವ ಸೀಟಿಗೆ, ಭುಜದ ಬೆಲ್ಟ್ ಇರಲೇಬೇಕು, ಸೊಂಟದ್ದು ಮಾತ್ರ ಇದ್ದರೆ ಬೂಸ್ಟರ್ ಹಾಕಲೇಬಾರದು. ಕ್ಯಾಲಿಫೋರ್ನಿಯಾದಲ್ಲಿ 8 ವರ್ಷ ತುಂಬುವವರೆಗೆ, ಇಲ್ಲವೇ 4 ಅಡಿ 9 ಇಂಚು ಆಗುವವರೆಗೆ ಕಾರ್ ಸೀಟೋ ಬೂಸ್ಟರೋ ಕಡ್ಡಾಯ. "ಆರು ಜನ ಮಲಗಬಹುದು" ಅಂತ ಜಾಹೀರಾತಿನಲ್ಲಿ ಇದ್ದರೆ ಅದು ಹಾಸಿಗೆಯ ಲೆಕ್ಕ. ಬೆಲ್ಟ್ ಎಷ್ಟು, ಯಾವ ಥರದ್ದು ಅಂತ ಫೋಟೋ ಕಳಿಸಲು ಹೇಳಿ.

ಇನ್ನೊಂದು. ಓಡುವ ಗಾಡಿಯಲ್ಲಿ ಅಪ್ಪ ಎದ್ದು ಟಾಯ್ಲೆಟ್‌ಗೆ ಹೋಗುವ ಹಾಗಿಲ್ಲ. ಎಲ್ಲರೂ ಬೆಲ್ಟ್ ಹಾಕಿ ಕೂತಿರಬೇಕು. ಬೇಕಾದಾಗ ಎಲ್ಲಾದರೂ ನಿಲ್ಲಿಸುವುದೇ. ನಿಲ್ಲಿಸಿದ ಕಡೆ ಟಾಯ್ಲೆಟ್ ಹುಡುಕಬೇಕಿಲ್ಲ ಅನ್ನುವುದಷ್ಟೇ ಲಾಭ, ನೆವಾಡಾದ ಐ-80ರಲ್ಲಿ ಅದೂ ದೊಡ್ಡ ಲಾಭವೇ ಬಿಡಿ.

ಫ್ರೀಮಾಂಟ್ ಮಲ್ನಾಡಿಗ

ಎಲ್ಲರಿಗೂ ಥ್ಯಾಂಕ್ಸ್. ಬೂಸ್ಟರ್ ವಿಷಯ ಗೊತ್ತೇ ಇರಲಿಲ್ಲ. ಟ್ಯಾಂಕ್ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲವಲ್ಲ! ಅಪ್ಪ ಅಮ್ಮ ಚೊಂಬು ಇಲ್ಲದೆ ಟಾಯ್ಲೆಟ್‌ಗೆ ಹೋಗುವವರಲ್ಲ. ಅಷ್ಟು ನೀರು ಹಾಕಿದರೆ ತೊಂದರೆ ಆಗುತ್ತದಾ?

ಸಾಲ್ಟ್ ಲೇಕ್ ಉತ್ತರ ಕರ್ನಾಟಕ

ಚೊಂಬು ಒಯ್ಯಿರಿ, ಒಳ್ಳೆಯದೇ. ಬ್ಲ್ಯಾಕ್ ಟ್ಯಾಂಕ್‌ಗೆ, ಅಂದರೆ ಟಾಯ್ಲೆಟ್ ಟ್ಯಾಂಕ್‌ಗೆ, ನೀರು ಕಡಿಮೆಯಾದರೇ ಕಷ್ಟ, ಎಲ್ಲಾ ಒಂದು ಕಡೆ ಗುಡ್ಡೆ ಕಟ್ಟಿ ಗಟ್ಟಿಯಾಗುತ್ತದೆ. ಪೇಪರ್ ಬಳಸುವ ಇಲ್ಲಿನವರಿಗೆ "ನೀರು ಜಾಸ್ತಿ ಹಾಕಿ" ಅಂತ ಬಾಡಿಗೆ ಕೊಡುವವರು ಹೇಳಿ ಹೇಳಿ ಸಾಕಾಗಿರುತ್ತಾರೆ. ಒರೆಸುವ ವೈಪ್ಸ್ ಮಾತ್ರ ಒಂದೂ ಹಾಕಬೇಡಿ, ಪ್ಯಾಕೆಟ್ ಮೇಲೆ ಏನೇ ಬರೆದಿರಲಿ.

ಕ್ಯಾಂಪ್‌ಗ್ರೌಂಡ್‌ನಲ್ಲಿ ಪೈಪ್ ಕನೆಕ್ಟ್ ಮಾಡಿದ್ದರೂ ಬ್ಲ್ಯಾಕ್ ವಾಲ್ವ್ ಮುಚ್ಚಿಯೇ ಇರಲಿ, ಇಲ್ಲದಿದ್ದರೆ ನೀರು ಹರಿದು ಹೋಗಿ ಮಿಕ್ಕದ್ದು ಉಳಿಯುತ್ತದೆ. ಮುಕ್ಕಾಲು ತುಂಬಿದ ಮೇಲೆ ಗ್ಲೌಸ್ ಹಾಕಿಕೊಂಡು ಮೊದಲು ಬ್ಲ್ಯಾಕ್ ತೆರೆಯಿರಿ, ಅದು ಖಾಲಿಯಾದ ಮೇಲೆ ಗ್ರೇ, ಅಂದರೆ ಸಿಂಕ್, ಸ್ನಾನದ ನೀರಿನ ಟ್ಯಾಂಕ್, ಆ ಸೋಪಿನ ನೀರಿನಲ್ಲಿ ಪೈಪ್ ತೊಳೆದುಹೋಗುತ್ತದೆ. ಹತ್ತು ನಿಮಿಷದ ಕೆಲಸ. ಕುಡಿಯುವ ನೀರಿನ ಪೈಪ್ ಬೇರೆ ಇರುತ್ತದೆ, ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿ. ಬೇಗ ತುಂಬುವುದು ಗ್ರೇ. ನಮ್ಮ ಅಡುಗೆಗೆ ಪಾತ್ರೆ ಜಾಸ್ತಿ. ಸಿಂಕಿಗೆ ಜಾಲರಿ ಹಾಕಿ, ಅನ್ನ, ಕರಿಬೇವು, ಎಣ್ಣೆ ಕೆಳಗಿಳಿಯದಂತೆ ನೋಡಿಕೊಳ್ಳಿ.

ಈಗ ಜಾಗದ ವಿಷಯ. ಪಾರ್ಕ್ ಒಳಗೆ ಕರೆಂಟ್, ನೀರು, ಒಳಚರಂಡಿ ಕನೆಕ್ಷನ್ ಇರುವ ಕ್ಯಾಂಪ್‌ಗ್ರೌಂಡ್ ಫಿಶಿಂಗ್ ಬ್ರಿಡ್ಜ್ ಒಂದೇ. ಅಲ್ಲಿ ಗ್ರಿಜ್ಲಿ ಕರಡಿ ಓಡಾಟ ಇರುವುದರಿಂದ ಗಟ್ಟಿ ಗೋಡೆಯ ಗಾಡಿಗೆ ಮಾತ್ರ ಅವಕಾಶ, ಟೆಂಟ್ ಇಲ್ಲ. ಜುಲೈಗೆ ಈಗ ನೋಡಿದರೆ ತುಂಬಿರುತ್ತದೆ, ಆದರೆ ಕ್ಯಾನ್ಸಲ್ ಆದವು ಆಗಾಗ ಬರುತ್ತವೆ, ದಿನಾ ನೋಡುತ್ತಿರಿ. ಸಿಗದಿದ್ದರೆ ವೆಸ್ಟ್ ಯೆಲ್ಲೋಸ್ಟೋನ್ ಊರಿನಲ್ಲಿ ಖಾಸಗಿ ಆರ್‌ವಿ ಪಾರ್ಕ್‌ಗಳಿವೆ. ಕುಕ್ಕರ್, ಪಾತ್ರೆ, ಚೀಲ ಯಾವುದನ್ನೂ ಹೊರಗಿನ ಮೇಜಿನ ಮೇಲೆ ಬಿಟ್ಟು ಹೋಗಬೇಡಿ, ಖಾಲಿ ಪಾತ್ರೆ ಕೂಡ. ರೇಂಜರ್ ಸುಮ್ಮನೆ ಬಿಡುವುದಿಲ್ಲ, ಕರಡಿಯಂತೂ ಬಿಡುವುದೇ ಇಲ್ಲ.

ನಿಮ್ಮ ಹೆಂಡತಿಯ ಮಾತನ್ನೂ ನಿಮ್ಮ ಮಾತನ್ನೂ ಸೇರಿಸಿದರೆ ಒಂದು ದಾರಿ ಇದೆ. ಮಿನಿವ್ಯಾನ್‌ನಲ್ಲೇ ಬನ್ನಿ, ನೆವಾಡಾದ ಎಲ್ಕೋದಲ್ಲಿ ಒಂದು ರಾತ್ರಿ ಮಲಗಿ, ಸಾಲ್ಟ್ ಲೇಕ್‌ನಲ್ಲಿ ಆರ್‌ವಿ ತಗೊಳ್ಳಿ. ಇಲ್ಲಿಂದ ವೆಸ್ಟ್ ಯೆಲ್ಲೋಸ್ಟೋನ್ ಸುಮಾರು 320 ಮೈಲಿ ಅಷ್ಟೇ. ನೀವು ಆರ್‌ವಿ ಓಡಿಸಿ, ನಿಮ್ಮ ಹೆಂಡತಿ ಮಿನಿವ್ಯಾನ್ ಓಡಿಸಲಿ, ಮಕ್ಕಳು ಮಿನಿವ್ಯಾನ್‌ನಲ್ಲಿ, ಕಾರ್ ಸೀಟ್ ತಾಪತ್ರಯವೂ ಇಲ್ಲ. ಅಲ್ಲಿ ಹೋದ ಮೇಲೆ ಆರ್‌ವಿ ಮನೆ, ಅದನ್ನು ಅಲುಗಾಡಿಸಬೇಡಿ. ಸುತ್ತುವುದೆಲ್ಲಾ ಮಿನಿವ್ಯಾನ್. ಒಳಗಿನ ಗ್ರ್ಯಾಂಡ್ ಲೂಪ್ ರಸ್ತೆ 142 ಮೈಲಿ, ವೇಗದ ಮಿತಿ ಗಂಟೆಗೆ 45 ಮೈಲಿ, ಮಧ್ಯೆ ಕಾಡೆಮ್ಮೆ ಥರದ ಬೈಸನ್ ಹಿಂಡು ರಸ್ತೆಗೆ ಬಂದರೆ ಅದು ಹೋಗುವವರೆಗೆ ನಿಲ್ಲಬೇಕು. ಮಿಡ್‌ವೇ ಗೀಸರ್ ಬೇಸಿನ್‌ನ ಬಿಸಿನೀರಿನ ಬುಗ್ಗೆಗಳ ಹತ್ತಿರ 30 ಅಡಿ ಗಾಡಿಗೆ ಪಾರ್ಕಿಂಗ್ ಹುಡುಕುವುದರಲ್ಲೇ ಮಧ್ಯಾಹ್ನ ಕಳೆದುಹೋಗುತ್ತದೆ.

ಖಾಸಗಿ ಮಾಲೀಕರಲ್ಲಿ ಕೆಲವರು ಆರ್‌ವಿಯನ್ನು ತಾವೇ ತಂದು ಸೈಟಿನಲ್ಲಿ ನಿಲ್ಲಿಸಿ, ಕನೆಕ್ಷನ್ ಕೊಟ್ಟು ಹೋಗುತ್ತಾರೆ. ಖಾಸಗಿ ಆರ್‌ವಿ ಪಾರ್ಕ್‌ನವರು ಒಪ್ಪಿದರೆ ನೀವು ಓಡಿಸುವುದೇ ಬೇಡ.

ಲೆಕ್ಕದ ಮನುಷ್ಯ

ಈ ಕೊನೆಯ ಐಡಿಯಾ ಲೆಕ್ಕಕ್ಕೂ ಕೂರುತ್ತದೆ. ಆರ್‌ವಿ 700 ಮೈಲಿ ಒಳಗೇ ಮುಗಿಯಿತು, ಅಂದರೆ 80 ಗ್ಯಾಲನ್‌ಗಿಂತ ಕಡಿಮೆ.

ಒಂದು ಖರ್ಚು ಬಿಟ್ಟುಹೋಗಿತ್ತು. 2026ರಿಂದ ಯೆಲ್ಲೋಸ್ಟೋನ್ ಸೇರಿ 11 ನ್ಯಾಷನಲ್ ಪಾರ್ಕ್‌ಗಳಲ್ಲಿ ಅಮೆರಿಕದಲ್ಲಿ ವಾಸ ಇಲ್ಲದ 16 ವರ್ಷ ಮೇಲ್ಪಟ್ಟವರಿಗೆ ತಲೆಗೆ 100 ಡಾಲರ್ ಹೆಚ್ಚುವರಿ ಶುಲ್ಕ ಇದೆ. ವಾರ್ಷಿಕ ಪಾಸ್ ಇಲ್ಲಿಯವರಿಗೆ 80 ಡಾಲರ್, ಹೊರಗಿನವರಿಗೆ 250. ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಬರುತ್ತಾರಲ್ಲ, ನಿಮ್ಮ ಪಾಸ್ ಜೊತೆ ಅವರಿಗೆ ಹೇಗೆ ಅಂತ ಪಾರ್ಕ್‌ನ ವೆಬ್‌ಸೈಟ್‌ನಲ್ಲಿ ನೋಡಿಕೊಂಡು ಹೊರಡಿ. ಗೇಟಿನಲ್ಲಿ ನಿಂತು ಅಪ್ಪನ ಮುಂದೆ ಈ ಲೆಕ್ಕ ಮಾಡಿದರೆ ಅವರು "ಬೇಡ ಮಗಾ, ವಾಪಸ್ ಹೋಗೋಣ" ಅಂದುಬಿಡುತ್ತಾರೆ.

ಫ್ರೀಮಾಂಟ್ ಮಲ್ನಾಡಿಗ

ಹಾಗೇ ಅನ್ನುತ್ತಾರೆ, ಗ್ಯಾರಂಟಿ 😂 ಸಾಲ್ಟ್ ಲೇಕ್ ಐಡಿಯಾ ಮನೆಯಲ್ಲಿ ಪಾಸಾಯಿತು. ಟ್ಯಾಂಕ್ ಕೆಲಸ ಪೂರ್ತಿ ನನ್ನದು ಅನ್ನುವ ಕರಾರಿನ ಮೇಲೆ. ಗಾಡಿ ತಗೊಳ್ಳುವ ದಿನ ಏನೇನು ನೋಡಬೇಕು?

ಸಾಲ್ಟ್ ಲೇಕ್ ಉತ್ತರ ಕರ್ನಾಟಕ

ಕೊಡುವವರು ಹದಿನೈದು ನಿಮಿಷದಲ್ಲಿ ಎಲ್ಲಾ ಹೇಳಿ ಕೀ ಕೈಗಿಡುತ್ತಾರೆ. ಅದನ್ನು ಪೂರ್ತಿ ವಿಡಿಯೋ ಮಾಡಿಕೊಳ್ಳಿ. ಚಾವಣಿ, ನಾಲ್ಕೂ ಮೂಲೆ, ಗಾಜು, ಟೈರು ನೀವೇ ಬೇರೆ ವಿಡಿಯೋ ಮಾಡಿ. ನನಗೆ ಒಂದು ಕಡೆ ಮೊದಲೇ ಇದ್ದ ಗೀರಿಗೆ ಠೇವಣಿ ಹಿಡಿದಿದ್ದರು, ವಿಡಿಯೋ ತೋರಿಸಿದ ಮೇಲೆ ವಾಪಸ್ ಬಂತು. ಬ್ಲ್ಯಾಕ್ ಟ್ಯಾಂಕ್ ನಿಜವಾಗಿ ಖಾಲಿ ಇದೆಯಾ, ಬಿಸಿನೀರು ಬರುತ್ತದಾ, ಎಸಿ ಓಡುತ್ತದಾ ಅಲ್ಲೇ ಹಾಕಿ ನೋಡಿ. ಪೆಟ್ರೋಲ್ ತುಂಬಿಸುವಾಗ ಪ್ರೊಪೇನ್ ಬಂದ್ ಮಾಡಬೇಕು, ಅದರ ವಾಲ್ವ್ ಎಲ್ಲಿದೆ ತೋರಿಸಲು ಹೇಳಿ.

ಆಮೇಲೆ ಖಾಲಿ ಪಾರ್ಕಿಂಗ್ ಲಾಟ್‌ನಲ್ಲಿ ನಾಲ್ಕು ಸುತ್ತು ಓಡಿಸಿ. ಹಿಂದಿನ ಚಕ್ರದಿಂದ ಆಚೆಗೂ ಗಾಡಿ ಬಹಳ ಉದ್ದ ಇರುತ್ತದೆ, ನೀವು ಎಡಕ್ಕೆ ತಿರುಗಿಸಿದರೆ ಅದರ ಬಾಲ ಬಲಕ್ಕೆ ಹೋಗಿ ಗ್ಯಾಸ್ ಸ್ಟೇಷನ್ ಕಂಬಕ್ಕೆ ಬಡಿಯುತ್ತದೆ. ಐ-15ರಲ್ಲಿ ಐಡಹೋ ಕಡೆ ಅಡ್ಡ ಗಾಳಿ ಜೋರು, ಎರಡೂ ಕೈ ಸ್ಟೀರಿಂಗ್ ಮೇಲಿರಲಿ, 60ರ ಮೇಲೆ ಹೋಗಬೇಡಿ. ಇಳಿಜಾರಿನಲ್ಲಿ ಗೇರ್ ಇಳಿಸಿ, ಬ್ರೇಕ್ ಒತ್ತಿಕೊಂಡೇ ಇರಬೇಡಿ. ಹಿಂದೆ ಲೈನ್ ಕಟ್ಟಿದರೆ ರಸ್ತೆ ಬದಿಯ ಟರ್ನೌಟ್‌ನಲ್ಲಿ (ಪಕ್ಕಕ್ಕೆ ನಿಲ್ಲುವ ಜಾಗ) ನಿಂತು ಎಲ್ಲರನ್ನೂ ಮುಂದೆ ಬಿಡಿ.

ಸ್ಯಾಕ್ರಮೆಂಟೊ ಅಕ್ಕ

ಜುಲೈ ಅಂತ ಸ್ವೆಟರ್ ಬಿಟ್ಟು ಬರಬೇಡಿ. ಅಲ್ಲಿ ರಾತ್ರಿ ಚಳಿ ಚೆನ್ನಾಗಿಯೇ ಇರುತ್ತದೆ, ಅಮ್ಮನಿಗೆ ಕಾಲುಚೀಲ, ಅಪ್ಪನಿಗೆ ಮಫ್ಲರ್.