ಭಾವ ಹಂಚಿದ ಫೈಲು, ಚಿಕ್ಕಪ್ಪನ ಕಂಪ್ಯೂಟರು: ಮನೆಯವರ ಗುಂಪಿನಲ್ಲೊಂದು ವಾದ

ಭಾವ (ಫಾರ್ವರ್ಡ್ ಮಾಡಿದ್ದು): "ಪ್ರೊಸೆಸರ್ ಸಪೋರ್ಟ್ ಆಗಲ್ಲ ಅಂತ ಬರ್ತಿದೆಯಾ? ಕೆಳಗಿನ ಫೈಲ್ ಮೇಲೆ ಎರಡು ಸಲ ಒತ್ತಿ, ಯೆಸ್ ಕೊಡಿ. ಎಷ್ಟೇ ಹಳೇ ಕಂಪ್ಯೂಟರ್ ಆದ್ರೂ ವಿಂಡೋಸ್ 11 ಕೂತ್ಕೊಳ್ಳುತ್ತೆ. ಎಲ್ಲರಿಗೂ ಕಳಿಸಿ."

ಭಾವ: ಚಿಕ್ಕಪ್ಪ, ಮೊನ್ನೆ ಕೇಳಿದ್ರಲ್ಲ, ನೋಡಿ.

ಚಿಕ್ಕಪ್ಪ: ಒಳ್ಳೇದಾಯ್ತಪ್ಪ. ರಾತ್ರಿ ಕೂತು ಮಾಡ್ತೀನಿ.

ನಾನು: ಚಿಕ್ಕಪ್ಪ, ದಯವಿಟ್ಟು ಆ ಫೈಲ್ ಒತ್ತಬೇಡಿ. ನೋಟ್‌ಪ್ಯಾಡಲ್ಲಿ ತೆರೆದು ನೋಡಿದೆ. ಮೊದಲನೇ ಸಾಲು ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್ ಎಲ್ಲ ಇಟ್ಕೊಳ್ಳೋ ಜಾಗ) ಬದಲಾವಣೆ, ಅದು ಗೊತ್ತಿರೋದೇ. ಅದರ ಕೆಳಗೆ ವೈರಸ್ ತಡೆಯೋ ಡಿಫೆಂಡರ್ ಆಫ್ ಮಾಡೋ ಸಾಲಿದೆ, ಅಪ್‌ಡೇಟ್ ನಿಲ್ಲಿಸೋ ಸಾಲಿದೆ, ಕೊನೆಗೆ ಯಾವುದೋ ವಿಳಾಸದಿಂದ ಇನ್ನೊಂದು ಫೈಲ್ ಇಳಿಸಿಕೊಂಡು ಓಡಿಸೋ ಸಾಲಿದೆ. ಪ್ರೊಸೆಸರ್ ತಪಾಸಣೆ ದಾಟೋಕೆ ಇವು ಯಾವುದೂ ಬೇಕಾಗಿಲ್ಲ.

ಭಾವ: ಫೈಲ್ ಬೇಡ ಅಂದ್ರೆ ತೆಗೆದುಹಾಕ್ತೀನಿ. ಆದ್ರೆ ವಿಷಯ ಸುಳ್ಳಲ್ಲ. ನಾನು ರಿಜಿಸ್ಟ್ರಿಯನ್ನ ಕೈಯಲ್ಲೇ ಬದಲಾಯಿಸಿ ನನ್ನ ಹಳೇ ಲ್ಯಾಪ್‌ಟಾಪಿಗೆ 11 ಹಾಕಿದೀನಿ. ಒಂದು ದಿನವೂ ತೊಂದರೆ ಕೊಟ್ಟಿಲ್ಲ.

ಅಕ್ಕ: ನಂದೂ ಆಗಲ್ಲ ಅಂತಲೇ ಬರ್ತಿದೆ. ಐದು ವರ್ಷ ಆಗಿದೆ ಅಷ್ಟೇ, ಅಷ್ಟರಲ್ಲೇ ಹಳೇದಾಯ್ತಾ?

ನಾನು: ಅಕ್ಕಾ, "ಆಗಲ್ಲ" ಅನ್ನೋದರ ಕೆಳಗೆ ಸಣ್ಣಕ್ಷರದಲ್ಲಿ ಕಾರಣ ಬರೆದಿರುತ್ತೆ. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಆ್ಯಪ್ ಹಾಕಿ, ಅದು ತೋರಿಸೋ ಪುಟವನ್ನ ಸ್ಕ್ರೀನ್‌ಶಾಟ್ ಕಳಿಸು. ಚಿಕ್ಕಪ್ಪ, ನೀವೂ ಕಳಿಸಿ. ನಾವೆಲ್ಲ "ಪ್ರೊಸೆಸರ್ ಪ್ರಾಬ್ಲಂ" ಅಂತ ಒಂದೇ ಮಾತು ಹೇಳ್ತಿದೀವಿ, ಆದ್ರೆ ಒಳಗಿರೋ ಕಾರಣ ಬೇರೆ ಬೇರೆ. ಒಂದಕ್ಕೆ ಸೆಟ್ಟಿಂಗ್ ಬದಲಾಯಿಸಿದ್ರೆ ಸಾಕು, ಒಂದನ್ನ ದಾಟಬಹುದು ಆದ್ರೆ ಜವಾಬ್ದಾರಿ ನಮ್ಮದು, ಇನ್ನೊಂದಕ್ಕೆ ದಾರಿನೇ ಇಲ್ಲ. ಯಾವುದು ಅಂತ ಗೊತ್ತಾಗದೆ ಔಷಧಿ ಹುಡುಕಬಾರದು.

ಅಕ್ಕ: (ಸ್ಕ್ರೀನ್‌ಶಾಟ್) ಪ್ರೊಸೆಸರ್ ಐ5-10210ಯು. ಅದಕ್ಕೆ ಹಸಿರು ಟಿಕ್ ಇದೆ! ಕೆಂಪು ಬಂದಿರೋದು ಟಿಪಿಎಂ 2.0ಗೆ.

ನಾನು: ಹಾಗಾದ್ರೆ ನಿನ್ನ ಪ್ರೊಸೆಸರ್ ಚೆನ್ನಾಗೇ ಇದೆ. ಹತ್ತನೇ ತಲೆಮಾರಿಂದು. ಇಂಟೆಲ್‌ನಲ್ಲಿ 8ನೇ ತಲೆಮಾರಿಂದ ಈಚಿನವು, ಎಎಂಡಿಯಲ್ಲಿ ರೈಜನ್ 2000 ಸರಣಿಯಿಂದ ಈಚಿನವು ಹೆಚ್ಚುಕಮ್ಮಿ ಎಲ್ಲ ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪಿರೋ ಪಟ್ಟಿಯಲ್ಲಿವೆ. ಟಿಪಿಎಂ ಅಂದ್ರೆ ಗುಪ್ತ ಕೀಲಿಗಳನ್ನ ಕಾಪಾಡೋ ವ್ಯವಸ್ಥೆ. ಇಷ್ಟು ಹೊಸ ಲ್ಯಾಪ್‌ಟಾಪಲ್ಲಿ ಅದು ಇದ್ದೇ ಇರುತ್ತೆ, ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗೋಕೂ ಮೊದಲಿನ ಸೆಟ್ಟಿಂಗ್ ಪುಟ) ಆಫ್ ಆಗಿರಬೇಕು. ಇಂಟೆಲ್‌ನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಸೆಕ್ಯುರಿಟಿ ಅಥವಾ ಅಡ್ವಾನ್ಸ್ಡ್ ಅನ್ನೋ ಪುಟದಲ್ಲಿ ಹುಡುಕು, ಆನ್ ಮಾಡು, ಸೇವ್ ಮಾಡಿ ಹೊರಗೆ ಬಾ.

ನಾನು: ತಡಿ ತಡಿ, ಅದಕ್ಕೂ ಮೊದಲು ಒಂದು ಕೆಲಸ ಇದೆ. ನಿನ್ನ ಡಿಸ್ಕಿಗೆ ಬಿಟ್‌ಲಾಕರ್ (ಡಿಸ್ಕಲ್ಲಿರೋದಕ್ಕೆಲ್ಲ ಬೀಗ ಹಾಕೋ ವ್ಯವಸ್ಥೆ) ಇದೆಯಾ ನೋಡು. ಇದ್ರೆ 48 ಅಂಕೆಯ ರಿಕವರಿ ಕೀಯನ್ನ ಕಾಗದದ ಮೇಲೆ ಬರೆದಿಟ್ಕೊಂಡು, ಬಿಟ್‌ಲಾಕರ್ ಸಸ್ಪೆಂಡ್ ಮಾಡಿ, ಆಮೇಲೆ ಬಯೋಸ್ ಮುಟ್ಟು. ಇಲ್ಲಾಂದ್ರೆ ಮುಂದಿನ ಸಲ ಆನ್ ಮಾಡಿದಾಗ ಆ ಕೀ ಕೇಳಬಹುದು. ಕೀ ಇಲ್ಲದಿದ್ರೆ ಒಳಗಿರೋ ಫೋಟೊ, ಕಡತ ಎಲ್ಲ ಹೋದ ಹಾಗೇ. ಈ ಫಾರ್ವರ್ಡ್‌ಗಳಲ್ಲಿ ಇದನ್ನ ಯಾರೂ ಹೇಳಲ್ಲ, ನನಗೆ ಸಿಟ್ಟು ಬರೋದೇ ಅದಕ್ಕೆ.

ಅಕ್ಕ: ಆಯ್ತು, ಮೊದಲು ಕೀ ಬರೀತೀನಿ.

ಚಿಕ್ಕಪ್ಪ: (ಸ್ಕ್ರೀನ್‌ಶಾಟ್) ನಂದು ಐ5-7400. ಟಿಪಿಎಂಗೆ ಹಸಿರು, ಸೆಕ್ಯೂರ್ ಬೂಟಿಗೆ (ಆನ್ ಆಗೋವಾಗ ನಂಬಿಕೆಯ ಸಾಫ್ಟ್‌ವೇರ್ ಮಾತ್ರ ಬಿಡೋದು) ಹಸಿರು, ಪ್ರೊಸೆಸರಿಗೆ ಮಾತ್ರ ಕೆಂಪು.

ಭಾವ: ಅದೇ ನಾನು ಹೇಳೋದು. 7ನೇ ತಲೆಮಾರು. ನಾಲ್ಕು ಕೋರ್, 3 ಗಿಗಾಹರ್ಟ್ಸ್. ವಿಂಡೋಸ್ 11 ಕೇಳೋದು 1 ಗಿಗಾಹರ್ಟ್ಸ್, ಎರಡು ಕೋರ್, 4 ಜಿಬಿ ರ‍್ಯಾಮ್. ವೇಗ ಸಾಲದು ಅಂತ ಯಾರಾದ್ರೂ ಹೇಳೋಕಾಗುತ್ತಾ?

ನಾನು: ವೇಗದ ಪ್ರಶ್ನೆ ಅಲ್ಲ ಭಾವ, ಭದ್ರತೆ ಮತ್ತೆ ಡ್ರೈವರ್‌ದು (ಯಂತ್ರದ ಭಾಗಗಳನ್ನ ನಡೆಸೋ ಸಾಫ್ಟ್‌ವೇರ್). ಕರ್ನಲ್ ಅಂದ್ರೆ ವಿಂಡೋಸ್‌ನ ಮೂಲ ಭಾಗದ ಒಳಗೆ ಅನುಮತಿ ಇಲ್ಲದ ಕೋಡ್ ಓಡದ ಹಾಗೆ ತಡೆಯೋ ಮೆಮೊರಿ ಇಂಟೆಗ್ರಿಟಿ ಅಂತ ಒಂದು ವ್ಯವಸ್ಥೆ ಇದೆ. ಪ್ರೊಸೆಸರಲ್ಲೇ ಅದಕ್ಕೆ ಎಂಬೆಕ್ ಅನ್ನೋ ಸೌಲಭ್ಯ ಇದ್ರೆ ಹಗುರವಾಗಿ ನಡೆಯುತ್ತೆ. ಇಲ್ಲದಿದ್ರೆ ಸಾಫ್ಟ್‌ವೇರಲ್ಲಿ ಮಾಡಬೇಕು, ಯಂತ್ರ ನಿಧಾನ ಆಗುತ್ತೆ.

ಭಾವ: ಎಂಬೆಕ್ ಇಂಟೆಲ್‌ನ 7ನೇ ತಲೆಮಾರಲ್ಲೇ ಬಂತಲ್ಲಮ್ಮ! ಹಾಗಿದ್ರೂ ಯಾಕೆ ಬಿಟ್ರು? 2021ರ ಆಗಸ್ಟ್‌ನಲ್ಲಿ ಪಟ್ಟಿ ಮತ್ತೆ ನೋಡಿದಾಗ ಅದೇ ತಲೆಮಾರಿನ 7820ಎಚ್‌ಕ್ಯೂ ಸೇರಿಸಿಕೊಂಡ್ರು, ಅದೂ ಹೊಸ ಮಾದರಿ ಡ್ರೈವರ್ ಇರೋ ಕೆಲವು ಯಂತ್ರಗಳಿಗೆ ಮಾತ್ರ. ಚಿಕ್ಕಪ್ಪನ 7400 ಮಾಡಿದ ತಪ್ಪೇನು?

ನಾನು: ಈ ಮಾತು ನ್ಯಾಯವಾದ್ದು ಭಾವ, ಒಪ್ತೀನಿ. ಗೆರೆ ಎಳೆದಿರೋ ಜಾಗ ಯಂತ್ರದ ಶಕ್ತಿಗೆ ಸರಿಯಾಗಿ ಹೊಂದಲ್ಲ. ಚೆನ್ನಾಗಿ ಓಡ್ತಿರೋ ಲಕ್ಷಾಂತರ ಕಂಪ್ಯೂಟರುಗಳು ಆ ಗೆರೆಯಿಂದ ಹೊರಗುಳಿದವು, ಅದು ನನಗೂ ಸರಿ ಅನ್ಸಲ್ಲ. ಆದ್ರೆ ಗೆರೆ ತಪ್ಪು ಅನ್ನೋದು ಬೇರೆ, ದಾಟಿದ್ರೆ ಏನೂ ಆಗಲ್ಲ ಅನ್ನೋದು ಬೇರೆ. ಅದೇ ಆಗಸ್ಟಲ್ಲಿ ಮೈಕ್ರೋಸಾಫ್ಟ್ ಒಂದು ಲೆಕ್ಕ ಕೊಟ್ಟಿತ್ತು: ಅರ್ಹತೆ ಇಲ್ಲದ ಯಂತ್ರಗಳಲ್ಲಿ ಕರ್ನಲ್ ಮಟ್ಟದ ಕ್ರ್ಯಾಶ್ ಶೇ. 52ರಷ್ಟು ಹೆಚ್ಚು, ಅರ್ಹತೆ ಇರೋದರಲ್ಲಿ ಶೇ. 99.8ರಷ್ಟು ಕ್ರ್ಯಾಶ್ ಇಲ್ಲದ ಅನುಭವ. ಅವರ ಲೆಕ್ಕ ಅವರದು ಅಂತ ನೀವನ್ನಬಹುದು. ಹಾಗಿದ್ರೂ ಇಂಥ ಯಂತ್ರಕ್ಕೆ ಅಪ್‌ಡೇಟ್ ಖಾತ್ರಿ ಇಲ್ಲ, ಭದ್ರತಾ ಅಪ್‌ಡೇಟೂ ಸೇರಿ, ಅಂತ ಅವರು ಬರೆದೇ ಹೇಳಿದಾರೆ.

ಭಾವ: ನನಗೆ ಪ್ರತಿ ತಿಂಗಳೂ ಅಪ್‌ಡೇಟ್ ಬರ್ತಾ ಇದೆ.

ನಾನು: ತಿಂಗಳಿಂದು ಬರುತ್ತೆ. ವರ್ಷಕ್ಕೊಮ್ಮೆ ಬರೋ ದೊಡ್ಡ ಆವೃತ್ತಿ ತಾನಾಗಿ ಬಂತಾ?

ಭಾವ: ಇಲ್ಲ, ಐಎಸ್‌ಒ (ಪೂರ್ತಿ ವಿಂಡೋಸ್ ಇರೋ ಫೈಲ್) ಇಳಿಸಿಕೊಂಡು ಕೈಯಲ್ಲಿ ಹಾಕಿದೆ.

ನಾನು: ನಿಮಗೆ ಅದು ಗೊತ್ತು, ಮಾಡ್ತೀರಿ. ಚಿಕ್ಕಪ್ಪ ಮಾಡ್ತಾರಾ? ಹಳೇ ಆವೃತ್ತಿಯ ಅವಧಿ ಮುಗಿದ್ಮೇಲೆ ತಿಂಗಳ ಅಪ್‌ಡೇಟೂ ನಿಲ್ಲುತ್ತೆ, ಅದು ಅವರ ಗಮನಕ್ಕೂ ಬರಲ್ಲ.

ತಮ್ಮ: ಮಧ್ಯೆ ಬಂದೆ, ಕ್ಷಮಿಸಿ. ಮಾವನ ಮನೆಯಲ್ಲಿರೋ ಕೋರ್ 2 ಡ್ಯುಯೋ ಪ್ರೊಸೆಸರಿನ ಹಳೇ ಕಂಪ್ಯೂಟರಿಗೂ ಈ ರಿಜಿಸ್ಟ್ರಿ ಉಪಾಯ ಆಗುತ್ತಾ?

ನಾನು: ಆಗಲ್ಲ ಕಣೋ. ನಾನು ದಾರಿನೇ ಇಲ್ಲ ಅಂದಿದ್ದು ಅದಕ್ಕೇ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ವಿಂಡೋಸ್ ಕೋಡೇ ಪಾಪ್‌ಕೌಂಟ್, ಎಸ್ಎಸ್ಇ 4.2 ಅನ್ನೋ ಪ್ರೊಸೆಸರ್ ಆದೇಶಗಳನ್ನ ಬಳಸುತ್ತೆ. ಇಂಟೆಲ್‌ನಲ್ಲಿ ಅವು ಬಂದಿದ್ದು 2008ರ ನೆಹಾಲೆಂ ಪ್ರೊಸೆಸರುಗಳ ಜೊತೆ. ಕೋರ್ 2 ಅದಕ್ಕಿಂತ ಹಿಂದಿಂದು, ಆ ಆದೇಶ ಅದಕ್ಕೆ ಅರ್ಥವೇ ಆಗಲ್ಲ. ತಪಾಸಣೆ ದಾಟಿಸಿದ್ರೂ ಬೂಟ್ ಆಗಲ್ಲ. ಸಿಲಿಕಾನ್‌ನಲ್ಲಿ ಇಲ್ಲದ್ದನ್ನ ರಿಜಿಸ್ಟ್ರಿ ತಂದುಕೊಡಲ್ಲ. ವಿಂಡೋಸ್ ಬದಲಿಗೆ ಹಗುರವಾದ ಲಿನಕ್ಸ್ ಒಂದನ್ನ ಪೆನ್‌ಡ್ರೈವಿಂದ ಓಡಿಸಿ ನೋಡು. ಇಷ್ಟ ಆದ್ರೆ ಮಾತ್ರ ಡಿಸ್ಕಿಗೆ ಹಾಕು.

ಚಿಕ್ಕಪ್ಪ: ನೀವಿಬ್ರೂ ಹೇಳೋದು ಸರಿಯಾಗೇ ಕಾಣುತ್ತೆ. ನಾನೇನು ಮಾಡ್ಲಿ? ಅದರಲ್ಲಿ ಬ್ಯಾಂಕ್ ಕೆಲಸ ಮಾಡ್ತೀನಿ, ಲೆಕ್ಕಪತ್ರ ಎಲ್ಲ ಅದರಲ್ಲೇ ಇದೆ.

ಭಾವ: ಚಿಕ್ಕಪ್ಪ, ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗೀತು. ಸುಮ್ಮನೆ ಅದರಲ್ಲೇ ಕೂತಿರೋದು ಅಪಾಯ ಅಲ್ವಾ? ನಾನೇ ಬಂದು 11 ಹಾಕಿಕೊಡ್ತೀನಿ. ರಿಜಿಸ್ಟ್ರಿಯಲ್ಲಿ ಮೋಸೆಟಪ್ ಅನ್ನೋ ಕೀ (ಫೋಲ್ಡರ್ ಥರ) ಒಳಗೆ ಡಿವರ್ಡ್ ಅನ್ನೋ ಬಗೆಯ ಒಂದು ನಮೂದು ಮಾಡಿ, ಮೌಲ್ಯ 1 ಕೊಟ್ರೆ ಸಾಕು. ಟಿಪಿಎಂ 1.2 ಇದ್ರೂ ಬಿಡುತ್ತೆ, ನಿಮ್ಮದರಲ್ಲಿ 2.0ನೇ ಇದೆ. ಕಡತ, ಪ್ರೋಗ್ರಾಂ ಎಲ್ಲ ಹಾಗೇ ಉಳಿಯುತ್ತೆ.

ನಾನು: ಅದರಲ್ಲೇ ಸುಮ್ಮನೆ ಕೂತಿರಿ ಅಂತ ನಾನೂ ಹೇಳ್ತಿಲ್ಲ. ವಿಂಡೋಸ್ 10ಕ್ಕೆ ವಿಸ್ತರಿಸಿದ ಭದ್ರತಾ ಅಪ್‌ಡೇಟ್ ಯೋಜನೆ ಇದೆ, ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರಿಕೊಳ್ಳಬಹುದು. ಬ್ಯಾಂಕ್ ಕೆಲಸ ಮಾಡೋ ಯಂತ್ರಕ್ಕೆ ನನ್ನ ಮತ ಅದೇ. ಆ ಸಮಯದಲ್ಲಿ ಮುಂದಿನ ಯಂತ್ರದ ಯೋಚನೆ ಮಾಡಬಹುದು. 7400 ಕೂರೋ ಮದರ್‌ಬೋರ್ಡಿಗೆ 8ನೇ ತಲೆಮಾರಿನ ಪ್ರೊಸೆಸರ್ ನಡೆಯಲ್ಲ, ಸಾಕೆಟ್ ನೋಡೋಕೆ ಒಂದೇ ಥರ ಇದ್ರೂ. ಚಿಪ್ ಮಾತ್ರ ಬದಲಾಯಿಸ್ತೀನಿ ಅಂತ ಯಾರಾದ್ರೂ ಹೇಳಿದ್ರೆ ಒಪ್ಪಬೇಡಿ.

ಭಾವ: ಅವಧಿ ಮುಗಿದ ಮೇಲೆ ಮತ್ತದೇ ಪ್ರಶ್ನೆ ಬರುತ್ತೆ. ಆಗಲೂ ಯಂತ್ರ ಗಟ್ಟಿಯಾಗೇ ಇರುತ್ತೆ.

ನಾನು: ಆಗ ಬ್ಯಾಂಕ್ ಕೆಲಸ ಬೇರೆ ಯಂತ್ರಕ್ಕೆ ಹೋಗಿರಲಿ, ಇದಕ್ಕೆ ನೀವೇ 11 ಹಾಕಿ, ಪ್ರತಿ ವರ್ಷದ ಆವೃತ್ತಿಯನ್ನೂ ನೀವೇ ಹಾಕಿಕೊಡೋ ಹಾಗಿದ್ರೆ ನಂದೇನೂ ತಕರಾರಿಲ್ಲ.

ಚಿಕ್ಕಪ್ಪ: ಹಾಗೇ ಮಾಡೋಣ. ಸದ್ಯಕ್ಕೆ ಆ ಯೋಜನೆಗೆ ಸೇರ್ಕೋತೀನಿ. ಲೆಕ್ಕಪತ್ರನೆಲ್ಲ ಇವತ್ತೇ ಹೊರಗಿನ ಡಿಸ್ಕಿಗೆ ಹಾಕಿಡ್ತೀನಿ.

ಅಕ್ಕ: ಪಿಟಿಟಿ ಸಿಕ್ತು, ಆನ್ ಮಾಡಿದೆ. ಟಿಪಿಎಂ ಹಸಿರಾಯ್ತು. ಈಗ ಸೆಕ್ಯೂರ್ ಬೂಟ್ ಇಲ್ಲ ಅಂತಿದೆ, ಬಯೋಸ್‌ನಲ್ಲಿ ಬೂಟ್ ವಿಧಾನ ಲೆಗಸಿ (ಹಳೇದು) ಅಂತ ಇದೆ. ಹೊಸ ವಿಧಾನ ಯುಇಎಫ್‌ಐಗೆ ಬದಲಾಯಿಸಿಬಿಡ್ಲಾ?

ಭಾವ: ಬೇಡ ಬೇಡ! ಡಿಸ್ಕ್ ಎಂಬಿಆರ್ ಅನ್ನೋ ಹಳೇ ವಿಭಾಗ ಕ್ರಮದಲ್ಲಿದ್ರೆ ವಿಂಡೋಸ್ ಬೂಟೇ ಆಗಲ್ಲ. ಮೊದಲು ಬ್ಯಾಕಪ್, ಆಮೇಲೆ ಎಂಬಿಆರ್2ಜಿಪಿಟಿ ಅನ್ನೋ ಆದೇಶದಲ್ಲಿ ವ್ಯಾಲಿಡೇಟ್ ಮಾಡಿ ನೋಡಬೇಕು. ಅದು ಸರಿ ಅಂದ್ರೆ ಡಿಸ್ಕನ್ನ ಜಿಪಿಟಿ ಅನ್ನೋ ಹೊಸ ಕ್ರಮಕ್ಕೆ ಪರಿವರ್ತಿಸಿ, ಅದಾದ್ಮೇಲೆ ಯುಇಎಫ್‌ಐ.

ನಾನು: ಭಾವ ಹೇಳಿದ ಕ್ರಮದಲ್ಲೇ ಮಾಡು. ವ್ಯಾಲಿಡೇಟ್ ಮಾಡಿದಾಗ ಏನು ಬರುತ್ತೋ ಇಲ್ಲಿ ಹಾಕು, ಅಲ್ಲಿವರೆಗೆ ಬಯೋಸ್ ಮುಟ್ಟಬೇಡ.