ಆಂಪ್ಲಿಫೈಯರ್ ಕಟ್ಟುವಾಗ ದುಡ್ಡು ಎಲ್ಲಿ ಉಳಿಸಲಿ?

ಪ್ರಶ್ನೆ: ಅಪ್ಪನ ಹಳೆಯ 8 ಓಮ್ ಸ್ಪೀಕರ್ ಜೋಡಿಗೆ ಎರಡು ಟಿಡಿಎ2030 (ಆಂಪ್ಲಿಫೈಯರ್ ಐಸಿ) ಹಾಕಿ ಆಂಪ್ಲಿಫೈಯರ್ ಕಟ್ಟುತ್ತಿದ್ದೇನೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿದರೆ ಐಸಿಗಿಂತ ಟ್ರಾನ್ಸ್‌ಫಾರ್ಮರ್‌ನದೇ ದೊಡ್ಡ ಖರ್ಚು. ಅಟ್ಟದಲ್ಲಿ 15-0-15ರದ್ದೊಂದು (ನಡುವಿನ ತಂತಿಯಿಂದ ಎರಡೂ ಕಡೆ 15 ವೋಲ್ಟ್ ಕೊಡುವಂಥದ್ದು) ಬಿದ್ದಿದೆ, ಅದನ್ನೇ ಹಾಕಲೇ?

ಉತ್ತರ 1: ಖಂಡಿತ ಬೇಡ. 15 ವೋಲ್ಟ್ ಎಸಿ, ಡಯೋಡ್ ಮತ್ತು ಕೆಪಾಸಿಟರ್ ದಾಟುವಷ್ಟರಲ್ಲಿ 20 ವೋಲ್ಟ್ ಡಿಸಿ ಆಗಿರುತ್ತದೆ. ಟಿಡಿಎ2030ರ ಮಿತಿ ±18 ವೋಲ್ಟ್. ಇದೇ ಜಿಪುಣತನದಿಂದ ನಾನು ಎರಡು ಐಸಿ ಸುಟ್ಟಿದ್ದೇನೆ. ಸುಟ್ಟ ವಾಸನೆಗೆ ಹೆಂಡತಿ ಅಡುಗೆಮನೆಗೆ ಓಡಿದ್ದಳು! 12-0-12 ಕೊಳ್ಳಿ.

ಉತ್ತರ 2: ಹೀಟ್‌ಸಿಂಕ್‌ನಲ್ಲಿ (ಐಸಿಯ ಬಿಸಿ ಹೀರುವ ಲೋಹದ ತುಂಡು) ಉಳಿಸಿ, ಗುಜರಿಯಲ್ಲಿ ತೂಕಕ್ಕೆ ಸಿಗುತ್ತದೆ. ಐಸಿಯ ಲೋಹದ ಬೆನ್ನು ಮೈನಸ್ ಸಪ್ಲೈಗೆ ಸೇರಿರುತ್ತದೆ, ನಡುವೆ ಕರೆಂಟ್ ತಡೆಯುವ ಮೈಕಾ ಹಾಳೆ ಮರೆಯಬೇಡಿ.

ಪ್ರಶ್ನೆ ಕೇಳಿದವನು: 15-0-15 ಮತ್ತೆ ಅಟ್ಟ ಸೇರಿತು.