ಹತ್ತು ದಿನದಲ್ಲಿ ಸ್ಟೇಜ್ ಮೇಲೆ ವಾಲ್ಟ್ಸ್: ಅನುಭವ ಇರುವವರು ಹೇಳಿ

ಕೇಳಿದ್ದು

ನಾನೂ ನನ್ನ ಪಾರ್ಟ್ನರೂ ಬಾಲ್‌ರೂಮ್ (ಜೋಡಿಯಾಗಿ ಕುಣಿಯುವ ಡ್ಯಾನ್ಸ್) ಕಲಿಯೋಕೆ ಶುರುಮಾಡಿ ಇನ್ನೂ ವರ್ಷ ತುಂಬಿಲ್ಲ. ಅದರಲ್ಲಿ ವಾಲ್ಟ್ಸ್ ತಕ್ಕಮಟ್ಟಿಗೆ ಬರುತ್ತೆ, ರುಂಬಾ ಅಷ್ಟಕ್ಕಷ್ಟೆ. ಕಾರ್ಯಕ್ರಮವೊಂದರಲ್ಲಿ ಕುಣಿಯಬೇಕಿದ್ದ ಜೋಡಿಗೆ ಬರಲಾಗುತ್ತಿಲ್ಲವಂತೆ, ಆ ಜಾಗಕ್ಕೆ ನೀವು ಬನ್ನಿ ಅಂತ ನಮ್ಮ ಮಾಸ್ಟರ್ ಹೇಳಿದ್ದಾರೆ. ಇರೋದು ಹತ್ತು ದಿನ, ಐಟಂ ಎರಡು ನಿಮಿಷದ್ದು. ಇದುವರೆಗೆ ಯಾರ ಮುಂದೆಯೂ ಕುಣಿದವರಲ್ಲ ನಾವು. ಹೊಸ ರೂಟೀನ್ (ಮೊದಲೇ ಜೋಡಿಸಿಟ್ಟ ಹೆಜ್ಜೆಗಳ ಸಾಲು) ಕಲಿಯಬೇಕಾ, ಬರೋದನ್ನೇ ಮಾಡಬೇಕಾ? ನಡುವೆ ಮರೆತುಹೋದರೆ ಏನು ಗತಿ? ಪಾರ್ಟ್ನರ್ ಅಂತೂ ಈಗಲೇ "ಆಗಲ್ಲ ಅಂದುಬಿಡೋಣ" ಅಂತಿದ್ದಾರೆ. ಇಂಥದ್ದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಲೀಡ್ ಮಾಡುವವರೊಬ್ಬರು (ಜೋಡಿಯಲ್ಲಿ ದಾರಿ ತೋರಿಸಿ ನಡೆಸುವವರು)

ಒಪ್ಪಿಕೊಳ್ಳಿ. ಆದರೆ ಹೊಸ ಹೆಜ್ಜೆ ಒಂದನ್ನೂ ಕಲಿಯಬೇಡಿ. ಹತ್ತು ದಿನದಲ್ಲಿ ಕಲಿತದ್ದು ಕ್ಲಾಸಿನಲ್ಲಿ ಬರುತ್ತೆ, ಸ್ಟೇಜ್ ಹತ್ತಿದಾಗ ಕೈಕೊಡುತ್ತೆ. ದಣಿದು ತಲೆ ಓಡದಿದ್ದಾಗಲೂ ಕಾಲು ತಾನಾಗಿ ಇಡುವ ಹೆಜ್ಜೆಗಳು ಯಾವುವೋ ಅವೇ ನಿಮ್ಮ ರೂಟೀನ್. ಅವು ಯಾವುವು ಅಂತ ತಿಳಿಯೋದಕ್ಕೆ ಸುಲಭದ ದಾರಿ ಇದೆ. ಪ್ರಾಕ್ಟೀಸ್ ಮುಗಿದು ಸುಸ್ತಾದ ಮೇಲೆ ಮತ್ತೊಂದು ಹಾಡು ಹಾಕಿ, ಕುಣಿಯುತ್ತಾ ಇಬ್ಬರೂ ಬೇರೆ ಏನಾದರೂ ಮಾತಾಡಿ. ಮಾತು ನಿಲ್ಲದೆ ಬಂದ ಫಿಗರ್‌ಗಳನ್ನು (ಹೆಸರಿರುವ ಹೆಜ್ಜೆಗುಂಪುಗಳನ್ನು) ಇಟ್ಟುಕೊಳ್ಳಿ. "ಒಂದು ನಿಮಿಷ, ಇದು ಹೇಗಿತ್ತು" ಅನ್ನಿಸಿದ್ದನ್ನೆಲ್ಲ ಬಿಡಿ. ನೋಡುವುದಕ್ಕೆ ಅದು ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ.

ಎರಡು ನಿಮಿಷವನ್ನು ಒಂದೂವರೆಗೆ ಇಳಿಸಿ ಅಂತ ಮಾಸ್ಟರ್ ಹತ್ತಿರ ಕೇಳಿ. ಐಟಂ ಚಿಕ್ಕದಾಯಿತು ಅಂತ ದೂರಿದ ಪ್ರೇಕ್ಷಕರನ್ನು ನಾನು ಕಂಡಿಲ್ಲ. ಲೆಕ್ಕ ಹೀಗಿದೆ: ಸ್ಲೋ ವಾಲ್ಟ್ಸ್ ಸಾಮಾನ್ಯವಾಗಿ ನಿಮಿಷಕ್ಕೆ 28ರಿಂದ 30 ಬಾರ್ (ತಾಳದ ಒಂದು ಸುತ್ತು, ವಾಲ್ಟ್ಸ್‌ನಲ್ಲಿ ಮೂರು ಬೀಟ್) ವೇಗದಲ್ಲಿ ಇರುತ್ತೆ. 30 ಅಂದುಕೊಂಡರೆ 90 ಸೆಕೆಂಡಿಗೆ 45 ಬಾರ್. ಮೊದಲ ನಾಲ್ಕು ಬಾರ್ ಹೋಲ್ಡ್ (ಒಬ್ಬರನ್ನೊಬ್ಬರು ಹಿಡಿಯುವ ಭಂಗಿ) ತೆಗೆದುಕೊಂಡು ನಿಲ್ಲೋದಕ್ಕೆ, ಕೊನೆಯ ಒಂದು ಪೋಸ್‌ಗೆ. ಉಳಿದದ್ದು ಎಂಟೆಂಟು ಬಾರ್‌ನ ಐದು ತುಂಡು, ಅಷ್ಟೇ. ಒಂದು ತುಂಡಿನ ಫಿಗರ್‌ಗಳು ಹೀಗೆ: ನ್ಯಾಚುರಲ್ ಟರ್ನ್ ಎರಡು ಬಾರ್, ಕ್ಲೋಸ್ಡ್ ಚೇಂಜ್ ಒಂದು, ರಿವರ್ಸ್ ಟರ್ನ್ ಎರಡು, ವಿಸ್ಕ್ ಒಂದು, ಶಾಸೆ ಒಂದು, ಒಟ್ಟು ಏಳಾಯಿತು. ಎಂಟನೆಯ ಬಾರ್‌ನಲ್ಲಿ ಭಾರ ಬದಲಿಸದೆ ನಿಂತಲ್ಲೇ ಮೈಯನ್ನು ನಿಧಾನ ಉದ್ದಕ್ಕೆ ಬಿಡಿ. ಇದನ್ನು ಮೂರು ಸಲ ಮಾಡಿ, ನಡುವೆ ಬೇರೆ ಎರಡು ತುಂಡು ಸೇರಿಸಿದರೆ ಐಟಂ ಸಿದ್ಧ. ಅದೇ ಹೆಜ್ಜೆ ಮತ್ತೆ ಬಂತು ಅಂತ ಪ್ರೇಕ್ಷಕರಿಗೆ ಗೊತ್ತೇ ಆಗಲ್ಲ, ಯಾಕೆಂದರೆ ಪ್ರತಿ ಸಲವೂ ಅದನ್ನು ಬೇರೆ ದಿಕ್ಕಿನಿಂದ ನೋಡುತ್ತಿರುತ್ತಾರೆ.

ಇನ್ನು ಪ್ರಾಕ್ಟೀಸ್. ಶುರುವಿನಿಂದ ಶುರುಮಾಡಿ ತಪ್ಪಿದಲ್ಲಿ ನಿಂತು, ಮತ್ತೆ ಶುರುವಿನಿಂದ ಶುರುಮಾಡುವುದು ಎಲ್ಲರ ಚಾಳಿ. ಹೀಗೆ ಮಾಡಿದರೆ ಮೊದಲ ಇಪ್ಪತ್ತು ಸೆಕೆಂಡ್ ಬಂಗಾರ ಆಗುತ್ತೆ, ಕೊನೆಯ ಇಪ್ಪತ್ತು ಸೆಕೆಂಡ್ ಅನಾಥ. ಅದಕ್ಕೇ ನಾವು ಕೊನೆಯ ತುಂಡಿನಿಂದ ಶುರುಮಾಡಿ ಹಿಂದಕ್ಕೆ ಬಂದೆವು. ಕೊನೆಯ ಎಂಟು ಬಾರ್ ಮತ್ತು ಪೋಸ್ ಕೂತ ಮೇಲೆ ಅದರ ಹಿಂದಿನದು, ಆಮೇಲೆ ಅದಕ್ಕೂ ಹಿಂದಿನದು. ಕೊನೆಕೊನೆಗೆ ಒಬ್ಬರು "ನಾಲ್ಕನೇದು" ಅಂದರೆ ಸಾಕು, ಇಬ್ಬರೂ ನೇರ ಅಲ್ಲಿಂದ ಹೊರಡುವ ಹಾಗಾಯಿತು. ಸ್ಟೇಜ್ ಮೇಲೆ ದಾರಿ ತಪ್ಪಿದರೆ ಕಾಪಾಡೋದು ಇದೇ.

ನೀವು ಭಯಪಡುತ್ತಿರುವ ಆ ಮರೆವಿನ ವಿಷಯಕ್ಕೂ ಬರುತ್ತೇನೆ. ಮರೆಯದೆ ಇರೋದು ಹೇಗೆ ಅಂತ ಯೋಚಿಸಬೇಡಿ, ಮರೆತಾಗ ಎಲ್ಲಿಗೆ ಹೋಗೋದು ಅಂತ ಇಬ್ಬರೂ ಮೊದಲೇ ಮಾತಾಡಿಕೊಳ್ಳಿ. ವಾಲ್ಟ್ಸ್‌ನಲ್ಲಿ ಆ ಜಾಗ ಅಂದರೆ ಬಾಕ್ಸ್ ಸ್ಟೆಪ್, ಚೌಕದ ಆಕಾರದಲ್ಲಿ ಇಡುವ ಮೂಲ ಹೆಜ್ಜೆ. ಯಾರಿಗೆ ಏನು ಮರೆತರೂ ಬಾಕ್ಸ್‌ಗೆ ಇಳಿಯಿರಿ, ಮುಂದಿನ ಎಂಟು ಬಾರ್ ಶುರುವಾಗೋವರೆಗೆ ಅಲ್ಲೇ ಇರಿ, ಆಮೇಲೆ ಹೊಸ ತುಂಡು ಹಿಡಿಯಿರಿ. ಇದನ್ನೂ ಪ್ರಾಕ್ಟೀಸ್ ಮಾಡಬೇಕು: ಲೀಡ್ ಮಾಡುವವರು ಬೇಕಂತಲೇ ನಡುವೆ ಬಾಕ್ಸ್‌ಗೆ ಹೋಗಿ ಮತ್ತೆ ಹೊರಗೆ ಬರಬೇಕು.

ನಮ್ಮ ಐಟಂನಲ್ಲಿ ಆಗಿದ್ದು ಕೇಳಿ. ಎರಡನೇ ತುಂಡಿಗೆ ಪ್ರೇಕ್ಷಕರು ಉತ್ಸಾಹದಿಂದ ಚಪ್ಪಾಳೆ ತಟ್ಟೋಕೆ ಶುರುಮಾಡಿದರು. ಆದರೆ ಹಾಡು ಮೂರರ ತಾಳದ್ದು, ಅವರು ತಟ್ಟುತ್ತಿದ್ದುದು ಒಂದು-ಎರಡು, ಒಂದು-ಎರಡು! ಅಷ್ಟು ಜನರ ಚಪ್ಪಾಳೆಯಲ್ಲಿ ಹಾಡಿನ ಒಂದನೇ ಬೀಟ್ ಮುಳುಗೇಹೋಯಿತು. ನಾವು ಬಾಕ್ಸ್‌ಗೆ ಇಳಿದೆವು, ಕಿವಿಯನ್ನು ಹಾಡಿನ ಬೇಸ್‌ನ (ತಗ್ಗುಸ್ವರದ) ಕಡೆ ಕೊಟ್ಟೆವು, ಮುಂದಿನ ತುಂಡಿಗೆ ಮತ್ತೆ ಹೊರಟೆವು. ಆಮೇಲೆ ವಿಡಿಯೋ ನೋಡಿದವರು ಅದೇ ಜಾಗ ಬಹಳ ಶಾಂತವಾಗಿತ್ತು, ಚೆನ್ನಾಗಿತ್ತು ಅಂದರು. ಏನು ಹೇಳೋಣ.

ಕನ್ನಡಿಯ ವಿಷಯ ಮರೆಯಬೇಡಿ. ನೀವು ಕಲಿಯುವ ಹಾಲ್‌ನಲ್ಲಿ ಕನ್ನಡಿ ಇದ್ದರೆ ನಿಮ್ಮ ದಿಕ್ಕಿನ ಗುರುತು ಅದೇ ಆಗಿಬಿಟ್ಟಿರುತ್ತೆ. ಸ್ಟೇಜ್ ಮೇಲೆ ಅದು ಇರಲ್ಲ. ಹತ್ತು ದಿನಗಳಲ್ಲಿ ಅರ್ಧದಷ್ಟು ದಿನಗಳಾದರೂ ಕನ್ನಡಿಗೆ ಬೆನ್ನು ಮಾಡಿ, ಬೇರೆ ಬೇರೆ ಗೋಡೆಯನ್ನು ಪ್ರೇಕ್ಷಕರು ಅಂದುಕೊಂಡು ಕುಣಿಯಿರಿ. ಒಂದೇ ಸಲ ಮೂರು ಗಂಟೆ ಕುಣಿಯುವುದಕ್ಕಿಂತ ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಮಾಡಿ, ಚೆನ್ನಾಗಿ ನಿದ್ದೆ ಮಾಡಿ. ಕಲಿತ ಚಲನೆ ಗಟ್ಟಿಯಾಗುವುದರಲ್ಲಿ ನಿದ್ದೆಯ ಪಾಲು ದೊಡ್ಡದು. ಕೊನೆಯ ಎರಡು ದಿನ ಯಾವ ಬದಲಾವಣೆಯೂ ಬೇಡ, ಮಾಸ್ಟರ್ ಹೇಳಿದರೂ ಬೇಡ. ಹಿಂದಿನ ದಿನ ಹೋಲ್ಡ್ ಇಲ್ಲದೆ ನಡೆದು ನೋಡಿ ಸಾಕುಮಾಡಿ.

ಫಾಲೋ ಮಾಡುವವರೊಬ್ಬರು (ಲೀಡ್‌ಗೆ ತಕ್ಕಂತೆ ಹೆಜ್ಜೆ ಇಡುವವರು)

ಮೇಲೆ ಹೇಳಿದ್ದೆಲ್ಲ ಸರಿ, ಆದರೆ ಅದು ಲೀಡ್ ಮಾಡುವವರ ಕಡೆಯಿಂದ ಕಂಡ ಮಾತು. ನಿಮ್ಮ ಪಾರ್ಟ್ನರ್ ಪರವಾಗಿ ನಾನು ಕೆಲವನ್ನು ಸೇರಿಸುತ್ತೇನೆ.

ಮೊದಲು ಅವರು ಬೇಡ ಅನ್ನುತ್ತಿರುವುದು ಯಾಕೆ ಅಂತ ಕೂತು ಕೇಳಿ. ಜನ ನೋಡುತ್ತಾರೆ ಅನ್ನುವ ಭಯ ಆದರೆ ಪ್ರಾಕ್ಟೀಸ್‌ನಲ್ಲಿ ಕರಗುತ್ತೆ: ನಾಲ್ಕನೇ ದಿನಕ್ಕೆ ಇಬ್ಬರು ಗೆಳೆಯರನ್ನು ಕೂರಿಸಿ, ಏಳನೇ ದಿನಕ್ಕೆ ಇಡೀ ಕ್ಲಾಸನ್ನು. ಮಂಡಿನೋವೋ ಹಿಮ್ಮಡಿನೋವೋ ಆಗಿದ್ದರೆ ಒತ್ತಾಯ ಬೇಡವೇ ಬೇಡ. ಅಥವಾ ಮೂರನೆಯ ಕಾರಣ, ಹೆಚ್ಚಿನ ಸಲ ಇದೇ: ಈ ಹತ್ತು ದಿನ ನೀವು ಅವರನ್ನು ತಿದ್ದುತ್ತಲೇ ಇರುತ್ತೀರಿ ಅಂತ ಅವರಿಗೆ ಈಗಲೇ ಗೊತ್ತು. ಪ್ರದರ್ಶನ ಹತ್ತಿರ ಬಂದಾಗ ಲೀಡ್ ಮಾಡುವವರಿಗೆ ಎಲ್ಲಿಲ್ಲದ ಮೇಷ್ಟ್ರುತನ ಬಂದುಬಿಡುತ್ತೆ. ತಿದ್ದುವ ಕೆಲಸ ಮಾಸ್ಟರ್‌ಗೆ ಬಿಡಿ. ನೀವಿಬ್ಬರೂ ಒಬ್ಬರಿಗೊಬ್ಬರು "ಇಲ್ಲಿ ನನಗೆ ಬ್ಯಾಲೆನ್ಸ್ ಸಿಗುತ್ತಿಲ್ಲ" ಅಂತ ನಿಮ್ಮ ನಿಮ್ಮ ಕಷ್ಟ ಮಾತ್ರ ಹೇಳಿಕೊಳ್ಳಿ.

ರೂಟೀನ್ ಬಾಯಿಪಾಠ ಆದಾಗ ನಮ್ಮಂಥವರಿಗೆ ಬೇರೆ ಅಪಾಯ ಇದೆ. ಮುಂದೇನು ಅಂತ ಗೊತ್ತಿರೋದರಿಂದ ಲೀಡ್ ಬರುವ ಮೊದಲೇ ಕಾಲು ಹೊರಟುಬಿಡುತ್ತೆ. ಹಾಗಾಗಿ ಒಂದು ಒಪ್ಪಂದ ಮಾಡಿಕೊಳ್ಳಿ: ಸ್ಟೇಜ್ ಮೇಲೆ ಲೀಡ್ ಮಾಡಿದ್ದೇ ರೂಟೀನ್. ಅವರು ವಿಸ್ಕ್ ಬಿಟ್ಟು ಕ್ಲೋಸ್ಡ್ ಚೇಂಜ್ ಮಾಡಿದರೆ ಅದೇ ಸರಿ. "ಅಲ್ಲ, ಈಗ ವಿಸ್ಕ್" ಅಂತ ಕಣ್ಣಲ್ಲೂ ಹೇಳಬಾರದು. ಇಬ್ಬರೂ ತಪ್ಪು ಮಾಡಿದರೆ ಯಾರಿಗೂ ಗೊತ್ತಾಗಲ್ಲ, ಒಬ್ಬರು ಸರಿ ಇನ್ನೊಬ್ಬರು ತಪ್ಪು ಆದರೆ ಎಲ್ಲರಿಗೂ ಗೊತ್ತಾಗುತ್ತೆ. ಲೀಡ್ ಮಾಡುವವರಿಗೂ ಒಂದು ಮಾತು: ಗಾಬರಿಯಾದಾಗ ಕೈ ಹಿಂಡಬೇಡಿ. ಹಿಂಡಿದ ಕೈಯಲ್ಲಿ ಲೀಡ್ ಕೇಳಿಸಲ್ಲ, ಭಯ ಒಂದೇ ಕೇಳಿಸುತ್ತೆ. ತುಟಿಯಲ್ಲಿ ಕೌಂಟ್ ಹೇಳುವುದೂ ಬೇಡ, ಅದು ಕೊನೆಯ ಸಾಲಿನವರಿಗೂ ಕಾಣುತ್ತೆ.

ಬಟ್ಟೆ ಹಾಕಿಕೊಂಡು ಪೂರ್ತಿ ಕುಣಿದು ನೋಡಿ, ಅದೂ ಎರಡು ಸಲ. ತೋಳು ಮೇಲೆತ್ತಿದಾಗ ಕಂಕುಳಲ್ಲಿ ಹಿಡಿಯುತ್ತಾ, ಹಿಂದಕ್ಕೆ ಹೆಜ್ಜೆ ಇಟ್ಟಾಗ ಹಿಮ್ಮಡಿ ಬಟ್ಟೆಯ ಅಂಚಿಗೆ ಸಿಕ್ಕಿಕೊಳ್ಳುತ್ತಾ, ಇಬ್ಬರಲ್ಲಿ ಯಾರದಾದರೂ ಉಂಗುರವೋ ವಾಚೋ ಇನ್ನೊಬ್ಬರ ಬಟ್ಟೆಗೆ ಸಿಕ್ಕಿ ಎಳೆಯುತ್ತಾ. ಇವೆಲ್ಲ ಟ್ರಯಲ್ ರೂಮಿನಲ್ಲಿ ನಿಂತು ನೋಡಿದರೆ ಗೊತ್ತಾಗೋ ವಿಷಯಗಳಲ್ಲ.

ಶೂ ಬಗ್ಗೆ ಮಾತ್ರ

ಹೊಸ ಶೂ ಬೇಡ. ಹಳೆಯದರ ಸ್ವೇಡ್ (ಒರಟು ಎಳೆಯ ಚರ್ಮದ) ಸೋಲ್ ಒತ್ತಿ ನುಣುಪಾಗಿದ್ದರೆ ವೈರ್ ಬ್ರಷ್‌ನಿಂದ ಉಜ್ಜಿ ಎಳೆ ಎಬ್ಬಿಸಿ. ಹೊರಗಡೆ ಅದನ್ನು ಹಾಕಿಕೊಂಡು ಓಡಾಡಬೇಡಿ, ಸ್ಟೇಜ್ ಪಕ್ಕದಲ್ಲೇ ಹಾಕಿಕೊಳ್ಳಿ. ಫ್ಲೋರ್ ಜಾರುತ್ತಿದ್ದರೆ ಒದ್ದೆ ಬಟ್ಟೆಯ ಮೇಲೆ ಒಮ್ಮೆ ಕಾಲಿಟ್ಟು ತೆಗೆದರೆ ಸ್ವಲ್ಪ ಹೊತ್ತು ಹಿಡಿತ ಬರುತ್ತೆ. ಅಂಟುತ್ತಿದೆ ಅಂತ ಪೌಡರ್ ಸುರಿಯೋಕೆ ಹೋಗಬೇಡಿ. ನಿಮ್ಮ ನಂತರ ಬರುವವರು ಜಾರಿ ಬೀಳುತ್ತಾರೆ.

ಹಾಡಿನ ಜವಾಬ್ದಾರಿ ಹೊತ್ತಿದ್ದವರೊಬ್ಬರು

ನಾನು ಕುಣಿದದ್ದು ಕಡಿಮೆ, ಬೇರೆಯವರ ಐಟಂಗೆ ಹಾಡು ಹಾಕಿದ್ದೇ ಹೆಚ್ಚು. ಅಲ್ಲಿ ನಿಂತು ನೋಡಿದವನಾಗಿ ಹೇಳುತ್ತಿದ್ದೇನೆ: ಜೋಡಿಗಳು ಎಡವುವುದು ಹೆಜ್ಜೆಯಲ್ಲಿ ಅಲ್ಲ, ಹಾಡಿನಲ್ಲಿ.

ಪ್ರಾಕ್ಟೀಸ್ ಮಾಡಿದ ಅದೇ ಫೈಲ್ ಸ್ಟೇಜ್‌ನಲ್ಲೂ ಬರಬೇಕು. ಅದೇ ಹೆಸರಿನ ಹಾಡು ಅಂದರೆ ಸಾಲದು, ಬೇರೆ ರೆಕಾರ್ಡಿಂಗ್‌ನಲ್ಲಿ ವೇಗವೂ ಬೇರೆ, ಮುನ್ನುಡಿಯ ಉದ್ದವೂ ಬೇರೆ. ವೇಗ ತಿಳಿಯಬೇಕಾದರೆ 15 ಸೆಕೆಂಡಿನಲ್ಲಿ ಎಷ್ಟು ಸಲ "ಒಂದು" ಬಂತು ಅಂತ ಎಣಿಸಿ ನಾಲ್ಕರಿಂದ ಗುಣಿಸಿ. ಏಳು ಬಂದರೆ 28 ಬಾರ್, ನಿಮಗೆ ಸರಿಹೋಗುತ್ತೆ. ಹದಿನಾಲ್ಕು ಹದಿನೈದು ಬಂದರೆ ಅದು ವಿಯೆನ್ನೀಸ್ ವಾಲ್ಟ್ಸ್, ಸುಮಾರು ಎರಡರಷ್ಟು ವೇಗದ್ದು. ಆ ಹಾಡನ್ನು ಅಲ್ಲೇ ಕೈಬಿಡಿ. ಹಾಡನ್ನು 90 ಸೆಕೆಂಡಿಗೆ ಕತ್ತರಿಸುವಾಗ ನಡುವಾಕ್ಯದಲ್ಲಿ ಕಡಿಯಬೇಡಿ. ಎಂಟು ಬಾರ್ ಮುಗಿಯುವಲ್ಲಿ ಕೆಲವು ಸೆಕೆಂಡ್ ತಗ್ಗಿಸುತ್ತಾ ನಿಲ್ಲಿಸಿ.

ಹಾಡು ಇಂಟರ್ನೆಟ್‌ನಿಂದ ಹರಿದು ಬರುವ ಏರ್ಪಾಡು ಬೇಡ. ಫೈಲ್ ಫೋನಿನಲ್ಲೂ ಇರಲಿ, ಪೆನ್‌ಡ್ರೈವ್‌ನಲ್ಲೂ ಇರಲಿ. ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ. ರುಂಬಾ ನಡುವೆ ಯಾರದೋ ಕರೆ ಬಂದು ಇಡೀ ಹಾಲ್‌ಗೆ ರಿಂಗ್‌ಟೋನ್ ಕೇಳಿಸಿದ್ದನ್ನು ನೋಡಿದ್ದೇನೆ. ಯಾವ ಸನ್ನೆಗೆ ಹಾಡು ಶುರುವಾಗಬೇಕು ಅಂತ ಪ್ಲೇ ಬಟನ್ ಒತ್ತುವವರ ಜೊತೆ ಮುಖಾಮುಖಿ ಮಾತಾಡಿ. ನೀವು ನಡೆದು ಬಂದು ನಿಂತ ಮೇಲೋ, ನಡೆಯುತ್ತಿರುವಾಗಲೋ? ಇದು ತೀರ್ಮಾನ ಆಗದಿದ್ದರೆ ನೀವು ನಿಂತು ನಗುತ್ತಾ ಇರುತ್ತೀರಿ, ಆ ಕಡೆ ಅವರು ಕಾಯುತ್ತಾ ಇರುತ್ತಾರೆ.

ಅಂದಹಾಗೆ, 1920ರಲ್ಲಿ ಶುರುವಾದ, ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ಊರಿನ ಡ್ಯಾನ್ಸ್ ಉತ್ಸವದಂಥ ಸ್ಪರ್ಧೆಗಳಲ್ಲಿ ಸಾಮಾನ್ಯ ಸುತ್ತುಗಳಿಗೆ ಯಾವ ಹಾಡು ಬರುತ್ತೆ ಅಂತ ಜೋಡಿಗಳಿಗೆ ಮೊದಲೇ ಹೇಳುವುದಿಲ್ಲ. ಅವರು ತಾಳಕ್ಕೆ ಕುಣಿಯುತ್ತಾರೆ, ರಾಗಕ್ಕೆ ಕಟ್ಟಿಕೊಳ್ಳುವುದಿಲ್ಲ. ವಾರದ ಕೊನೆಗೆ ನೀವೂ ಒಮ್ಮೆ ಗೊತ್ತಿಲ್ಲದ ಹಾಡಿಗೆ ಅದೇ ರೂಟೀನ್ ಕುಣಿದು ನೋಡಿ. ಬಂದರೆ ಧೈರ್ಯ ಸಿಗುತ್ತೆ.

ಒಪ್ಪದವರೊಬ್ಬರು

"ಹೊಸದೇನೂ ಬೇಡ" ಅನ್ನುವುದನ್ನು ನಾನು ಪೂರ್ತಿ ಒಪ್ಪಲ್ಲ. ಒಂದನ್ನು ಹೊಸದಾಗಿ ಕಲಿಯಲೇಬೇಕು: ಬರುವುದು ಮತ್ತು ಹೋಗುವುದು. ಕ್ಲಾಸಿನಲ್ಲಿ ಯಾರೂ ಅದನ್ನು ಹೇಳಿಕೊಡುವುದಿಲ್ಲ. ಕೈಹಿಡಿದು ಹೇಗೆ ನಡೆದು ಬರುತ್ತೀರಿ, ಎಲ್ಲಿ ನಿಲ್ಲುತ್ತೀರಿ, ಹೋಲ್ಡ್‌ಗೆ ಎಷ್ಟು ಬೀಟ್ ತೆಗೆದುಕೊಳ್ಳುತ್ತೀರಿ, ಪೋಸ್ ಆದ ಮೇಲೆ ಯಾರು ಯಾರನ್ನು ಮುಂದಕ್ಕೆ ಕರೆದು ತಲೆಬಾಗುತ್ತೀರಿ, ಯಾವ ಕಡೆಯಿಂದ ಇಳಿಯುತ್ತೀರಿ. ಪ್ರತಿ ಸಲ ಪೂರ್ತಿ ಕುಣಿಯುವಾಗಲೂ ಇದನ್ನೂ ಸೇರಿಸಿಯೇ ಕುಣಿಯಿರಿ. ನಡುವಿನ ಒಂದು ನಿಮಿಷ ಸಾಧಾರಣ ಇದ್ದರೂ ಗಟ್ಟಿಯಾಗಿ ಬಂದು ನಿಧಾನಕ್ಕೆ ಹೋದ ಜೋಡಿಯನ್ನು ಜನ ಚೆನ್ನಾಗಿ ಕುಣಿದರು ಅನ್ನುತ್ತಾರೆ. ಇದು ನ್ಯಾಯವೋ ಅಲ್ಲವೋ ಬೇರೆ ಮಾತು.

ಇನ್ನೊಂದು. ಸ್ಟೇಜ್ ಹತ್ತುವ ಮೊದಲು ಎದೆ ಢವಗುಟ್ಟುವಾಗ ಹಾಡು ನಿಧಾನ ಆಗಿದೆ ಅನ್ನಿಸುತ್ತೆ. ಹಾಡು ಸರಿಯಾಗೇ ಇರುತ್ತೆ, ನಿಮ್ಮೊಳಗಿನ ಗಡಿಯಾರ ಓಡುತ್ತಿರುತ್ತೆ. ಮುನ್ನುಡಿಯ ನಾಲ್ಕು ಬಾರ್‌ನಲ್ಲಿ ಉಸಿರನ್ನು ಉದ್ದಕ್ಕೆ ಹೊರಗೆ ಬಿಡಿ, ಮೂರನೇ ಬೀಟ್‌ಗೆ ಪೂರ್ತಿ ಸಮಯ ಕೊಡಿ. ಗಾಬರಿಯಲ್ಲಿ ಮೊದಲು ಕಳೆದುಹೋಗೋದು ಆ ಮೂರನೇ ಬೀಟೇ.

ಕೇಳಿದವರು ಮತ್ತೆ

ಎಲ್ಲರಿಗೂ ಧನ್ಯವಾದ. ಪಾರ್ಟ್ನರ್ ಒಪ್ಪಿದ್ದಾರೆ (ಆ ಮೂರನೆಯ ಕಾರಣವೇ ಆಗಿತ್ತು, ಇನ್ನು ತಿದ್ದಲ್ಲ ಅಂತ ಮಾತು ಕೊಟ್ಟಿದ್ದೇನೆ). ಇವತ್ತು ಸ್ಟೇಜ್ ನೋಡಿ ಬಂದೆವು. ಐದು ಮೀಟರ್ ಅಗಲ, ನಾಲ್ಕು ಮೀಟರ್ ಆಳ ಇರಬಹುದು, ಮೇಲೆ ಕಾರ್ಪೆಟ್ ಹಾಸಿದ್ದಾರೆ. ಇದರಲ್ಲಿ ವಾಲ್ಟ್ಸ್ ಆಗುತ್ತಾ?

ಲೀಡ್ ಮಾಡುವವರು

ಆಗಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಸರಿಯಾಗಿ ಸಾಗುವ ವಾಲ್ಟ್ಸ್‌ಗೆ ಎರಡು ಮೂರು ಬಾರ್‌ನಲ್ಲೇ ಅಂಚು ಬಂದುಬಿಡುತ್ತೆ. ಹೆಜ್ಜೆ ಚಿಕ್ಕದು ಮಾಡಿದರೆ ಏರಿಳಿತ ಸತ್ತು ಬರೀ ನಡಿಗೆ ಆಗುತ್ತೆ. ಮೊದಲು ಸ್ಟೇಜ್ ಮುಂದಿನ ನೆಲ ಖಾಲಿ ಸಿಗುತ್ತಾ ಕೇಳಿ. ಅಲ್ಲಿ ಮರವೋ ಟೈಲ್ಸೋ ಇದ್ದು ಎಲ್ಲರಿಗೂ ಕಾಣುವ ಹಾಗಿದ್ದರೆ ಕೆಳಗೇ ವಾಲ್ಟ್ಸ್ ಮಾಡಿ.

ಸಿಗದಿದ್ದರೆ ರುಂಬಾಕ್ಕೆ ಬನ್ನಿ. ಇನ್ನೂ ದಿನ ಇವೆ. ಅಷ್ಟಕ್ಕಷ್ಟೆ ಅಂದಿರಿ, ಪರವಾಗಿಲ್ಲ. ರುಂಬಾ ಹೆಚ್ಚು ಜಾಗ ಬೇಡದ ಡ್ಯಾನ್ಸ್, ವೇಗವೂ ನಿಮಿಷಕ್ಕೆ 25ರಿಂದ 27 ಬಾರ್, ಯೋಚಿಸಲು ಸಮಯ ಸಿಗುತ್ತೆ. ಬೇಸಿಕ್, ನ್ಯೂಯಾರ್ಕ್, ಹ್ಯಾಂಡ್ ಟು ಹ್ಯಾಂಡ್, ಕುಕರಾಚಾ ಇಷ್ಟು ಫಿಗರ್ ಬಂದರೂ ಒಂದೂವರೆ ನಿಮಿಷ ತುಂಬುತ್ತೆ. ಮರೆತಾಗ ಇಳಿಯುವ ಜಾಗ ಇಲ್ಲಿ ಕುಕರಾಚಾ, ಪಕ್ಕಕ್ಕೆ ಹೆಜ್ಜೆ ಇಟ್ಟು ವಾಪಸ್ ಬರುವುದು. ಎರಡನೇ ಬೀಟ್‌ಗೆ ಹೊರಡುವುದನ್ನು ಮಾತ್ರ ನಿದ್ದೆಯಲ್ಲೂ ತಪ್ಪದ ಹಾಗೆ ಮಾಡಿಕೊಳ್ಳಿ.

ಕಾರ್ಪೆಟ್ ಮೇಲೆ ಎಚ್ಚರ. ಪಾದ ಹಿಡಿದುಕೊಂಡು ಮೈ ತಿರುಗಿದರೆ ತಿರುಚು ಪೂರ್ತಿ ಮಂಡಿಗೆ ಬರುತ್ತೆ. ಸ್ಪಾಟ್ ಟರ್ನ್ (ಇದ್ದ ಜಾಗದಲ್ಲೇ ತಿರುಗುವುದು) ಅನ್ನು ಒಂದೇ ಪಾದದ ಮೇಲೆ ಸುತ್ತದೆ ಚಿಕ್ಕ ಹೆಜ್ಜೆಗಳಲ್ಲಿ ನಡೆದು ತಿರುಗಿ, ಇಡೀ ಐಟಂಗೆ ಎರಡಕ್ಕಿಂತ ಹೆಚ್ಚು ಬೇಡ. ಮನೆಯಲ್ಲಿ ಕಾರ್ಪೆಟ್ ಇದ್ದರೆ ಇವತ್ತಿನಿಂದಲೇ ಅದರ ಮೇಲೆ, ಆ ದಿನ ಹಾಕುವ ಶೂನಲ್ಲೇ ಪ್ರಾಕ್ಟೀಸ್ ಮಾಡಿ. ಮತ್ತೆ ಸ್ಟೇಜ್‌ಗೆ ಹೋಗುವ ಅವಕಾಶ ಸಿಕ್ಕರೆ ಕಾರ್ಪೆಟ್‌ನ ಅಂಚುಗಳನ್ನು ಟೇಪ್ ಹಾಕಿ ಅಂಟಿಸಿದ್ದಾರಾ ಅಂತ ನೋಡಿ, ಇಲ್ಲದಿದ್ದರೆ ಹಾಕಿಸಿ.